ಬರ್ಗರ್ ಅಂಗಡಿಯ ಸಾಲು, ಬುರಿಟೊ ಅಂಗಡಿಯ ಹೆಸರು

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಕಡೆಗೆ ಮೊದಲ ಸಲ ಬರುವ ಗೆಳೆಯರು ಗೋಲ್ಡನ್ ಗೇಟ್ ಸೇತುವೆಯಷ್ಟೇ ಆಸಕ್ತಿಯಿಂದ ವಿಚಾರಿಸುವ ಎರಡು ತಿಂಡಿ ಅಂಗಡಿಗಳಿವೆ: ಒಂದು ಇನ್-ಎನ್-ಔಟ್ ಬರ್ಗರ್, ಇನ್ನೊಂದು ಮಿಷನ್ ಬಡಾವಣೆಯಲ್ಲಿ ಮೆಕ್ಸಿಕನ್ ಬುರಿಟೊ ಮಾರುವ ಲಾ ಟಾಕೆರಿಯಾ. ಇವು ಅಷ್ಟೊಂದು ಹೊಗಳಿಕೆಗೆ ತಕ್ಕವೇ ಎಂದು ಕೇಳಿದರೆ, ಹೆಸರಿಗೆ ತಕ್ಕವು, ಆದರೆ ಸಾಲಿಗೆ ತಕ್ಕವು ಎಂದು ಯಾವಾಗಲೂ ಹೇಳಲಾರೆ ಎಂಬುದು ನನ್ನ ಉತ್ತರ. ಒಂದು ಅಂಗಡಿಗೆ ಹೆಸರು ತಂದುಕೊಡುವ ಕಾರಣವೇ ಬೇರೆ, ಅದರ ಮುಂದೆ ಸಾಲು ಬೆಳೆಸುವ ಕಾರಣವೇ ಬೇರೆ.

ಹ್ಯಾರಿ ಮತ್ತು ಎಸ್ತರ್ ಸ್ನೈಡರ್ ದಂಪತಿ 1948ರಲ್ಲಿ ಲಾಸ್ ಏಂಜಲೀಸ್ ಸಮೀಪದ ಬಾಲ್ಡ್‌ವಿನ್ ಪಾರ್ಕಿನಲ್ಲಿ ಇನ್-ಎನ್-ಔಟ್ ಆರಂಭಿಸಿದರು. ಕಾರಿನಲ್ಲಿ ಕುಳಿತೇ ಧ್ವನಿವರ್ಧಕದ ಮೂಲಕ ಬೇಕಾದದ್ದನ್ನು ಹೇಳುವ ವ್ಯವಸ್ಥೆ ಅಲ್ಲಿ ಅಂದೇ ಇತ್ತು. ಹ್ಯಾಂಬರ್ಗರ್, ಚೀಸ್‌ಬರ್ಗರ್, ಎರಡು ಪದರದ ಡಬಲ್-ಡಬಲ್, ಫ್ರೈಸ್ ಮತ್ತು ಪಾನೀಯಗಳು, ಇಷ್ಟರಲ್ಲಿಯೇ ಅದರ ಪಟ್ಟಿ ಇಂದಿಗೂ ಹೆಚ್ಚುಕಡಿಮೆ ಮುಗಿದುಹೋಗುತ್ತದೆ. ಕಂಪನಿ ಫ್ರಾಂಚೈಸಿ ಕೊಡುವುದಿಲ್ಲ. ಮಾಂಸವನ್ನು ಶೈತ್ಯಗಟ್ಟಿಸದೆ ತನ್ನದೇ ಕೇಂದ್ರಗಳಿಂದ ಕಳುಹಿಸಿಕೊಡುವುದರಿಂದ, ಆ ಕೇಂದ್ರಗಳಿಂದ ಒಂದು ದಿನದ ಪ್ರಯಾಣಕ್ಕಿಂತ ದೂರದಲ್ಲಿ ಅಂಗಡಿ ತೆರೆಯುವುದೂ ಇಲ್ಲ. ಇದರ ಫಲವಾಗಿ, ಕ್ಯಾಲಿಫೋರ್ನಿಯಾದ ಯಾವ ಊರಿನಲ್ಲಿ ತಿಂದರೂ ಬರ್ಗರ್ ಒಂದೇ ಹದದಲ್ಲಿರುತ್ತದೆ. ಹೆಸರಾಂತ ಇತರ ಬರ್ಗರ್ ಸರಣಿಗಳಿಗೆ ಹೋಲಿಸಿದರೆ ಬೆಲೆಯೂ ಕಡಿಮೆ. ಸಾಸಿವೆ ಹಚ್ಚಿ ಬೇಯಿಸಿದ ಮಾಂಸಕ್ಕೆ ಹುರಿದ ಈರುಳ್ಳಿ, ಉಪ್ಪಿನ ಸೌತೆ ಮತ್ತು ಹೆಚ್ಚುವರಿ ಸಾಸ್ ಸೇರಿಸುವ ‘ಅನಿಮಲ್ ಸ್ಟೈಲ್’ ನನಗೆ ತೀರ ಇಷ್ಟ. ಸಸ್ಯಾಹಾರಿಯಾದ ನನ್ನ ಹೆಂಡತಿಗೆ ಅಲ್ಲಿ ದಕ್ಕುವುದು ಮಾಂಸವಿಲ್ಲದ ಗ್ರಿಲ್ಡ್ ಚೀಸ್ ಮಾತ್ರ. ಬನ್ನು, ಈರುಳ್ಳಿ, ಟೊಮೆಟೊ ಮತ್ತು ಎಲೆಕೋಸಿನಂಥ ಹಸಿ ಸೊಪ್ಪಿನ ಗುಣದಿಂದಲೇ ಆಕೆ ಈ ಅಂಗಡಿಯನ್ನು ಅಳೆಯುತ್ತಾಳೆ, ಆದರೂ ನನಗಿಂತ ಉದಾರವಾಗಿ ಅಂಕ ಕೊಡುತ್ತಾಳೆ.

ಹೊಗಳಿಕೆ ಸೋಲುವುದು ಫ್ರೈಸ್ ವಿಷಯದಲ್ಲಿ. ಆಲೂಗಡ್ಡೆಯನ್ನು ಅಂಗಡಿಯಲ್ಲಿಯೇ, ನಮ್ಮ ಕಣ್ಣೆದುರಿಗೇ ಕತ್ತರಿಸಿ, ಸೂರ್ಯಕಾಂತಿ ಎಣ್ಣೆಯಲ್ಲಿ ಒಂದೇ ಸಲ ಕರಿಯುತ್ತಾರೆ. ತಾಜಾ ಎಂಬ ಹೆಮ್ಮೆ ನಿಜವೇ ಆದರೂ, ಗರಿಗರಿ ಫ್ರೈಸ್ ಬೇಕಾದರೆ ಮೊದಲು ಹದವಾದ ಕಾವಿನಲ್ಲಿ ಒಳಗನ್ನು ಬೇಯಿಸಿ, ಸ್ವಲ್ಪ ಆರಿಸಿ, ಮತ್ತೆ ಜೋರು ಕಾವಿನಲ್ಲಿ ಕರಿಯಬೇಕು. ಕಾರ್ಖಾನೆಯಲ್ಲಿ ಅರೆಬರೆ ಕರಿದು ಶೈತ್ಯಗಟ್ಟಿಸಿದ ಫ್ರೈಸ್ ಈ ಮೊದಲ ಹಂತವನ್ನು ಮುಗಿಸಿಕೊಂಡೇ ಬಂದಿರುತ್ತದೆ. ಇನ್-ಎನ್-ಔಟ್‌ನದು ಕಾರು ಹೆದ್ದಾರಿ ಸೇರುವಷ್ಟರಲ್ಲಿ ಮೆತ್ತಗಾಗಿರುತ್ತದೆ. 2004ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಪಾರ್ಕಿನ ಒಂದು ಗೂಡಂಗಡಿಯಾಗಿ ಆರಂಭವಾದ ಶೇಕ್ ಶ್ಯಾಕ್ ಬರ್ಗರ್ ಸರಣಿ ಕೂಡ 2013ರಲ್ಲಿ ತನ್ನ ಅಂಕುಡೊಂಕಿನ ಶೈತ್ಯಗಟ್ಟಿದ ಫ್ರೈಸ್ ಕೈಬಿಟ್ಟು, ತಾಜಾ ಕತ್ತರಿಸಿದ ಆಲೂಗಡ್ಡೆಗೆ ಬದಲಾಯಿಸಿ, ಗಿರಾಕಿಗಳು ಒಪ್ಪದ ಕಾರಣ ಮರುವರ್ಷವೇ ಹಳೆಯದಕ್ಕೆ ಮರಳಿತು. ತಾಜಾತನವನ್ನು ಬಾಯ್ತುಂಬ ಹೊಗಳುವವರೇ ನಾಲಿಗೆಯ ಮೇಲೆ ಅದನ್ನು ಬೇಡವೆಂದ ಈ ಪ್ರಸಂಗ ನನಗೆ ಬಹಳ ಇಷ್ಟ.

ಇನ್ನು ಸಾಲಿನ ವಿಚಾರ. 2020ರ ನವೆಂಬರಿನಲ್ಲಿ ಕೊಲೊರಾಡೊ ರಾಜ್ಯದ ಅರೋರಾದಲ್ಲಿ ಇನ್-ಎನ್-ಔಟ್ ತೆರೆದಾಗ ಜನರು ಕಾರಿನಲ್ಲಿ ಹತ್ತು ಗಂಟೆಗೂ ಹೆಚ್ಚು ಹೊತ್ತು ಕಾದದ್ದು ದೊಡ್ಡ ಸುದ್ದಿಯಾಯಿತು. ಆ ಸಾಲನ್ನು ಕಟ್ಟಿದ್ದು ರುಚಿಯಲ್ಲ, ವರ್ಷಗಟ್ಟಲೆ ಸಿಗದೆ ಇದ್ದ ವಸ್ತುವಿನ ಮೇಲಿನ ಆಸೆ. ಇಪ್ಪತ್ತು ನಿಮಿಷ ಕಾಯುವುದಕ್ಕೆ ಖಂಡಿತ ತಕ್ಕುದಾದ ಬರ್ಗರ್ ಹತ್ತು ಗಂಟೆಗೆ ತಕ್ಕುದಾಗುವುದು ಸಾಧ್ಯವಿಲ್ಲ; ಯಾವ ಬರ್ಗರಿಗೂ ಸಾಧ್ಯವಿಲ್ಲ.

ಬುರಿಟೊ ಕತೆ ಇದಕ್ಕಿಂತ ಸ್ವಾರಸ್ಯಕರವಾದದ್ದು. ಮಿಷನ್ ಬಡಾವಣೆಯ ಬುರಿಟೊ ಎಂದರೆ ಆವಿಯಲ್ಲಿ ಮೆತ್ತಗಾಗಿಸಿದ ಅಗಲವಾದ ಗೋಧಿಹಿಟ್ಟಿನ ಟೋರ್ಟಿಯಾ ಎಂಬ ತೆಳು ರೊಟ್ಟಿಯೊಳಗೆ ಅನ್ನ, ಕಾಳು, ಮಾಂಸ, ಸಾಲ್ಸಾ ಎಂಬ ಟೊಮೆಟೊ-ಮೆಣಸಿನ ಚಟ್ನಿ ತುಂಬಿ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿದ ದಪ್ಪ ಸುರುಳಿ. 1961ರಲ್ಲಿ ತಾನೇ ಇದನ್ನು ಮೊದಲು ಮಾರಿದ್ದೆಂದು ಎಲ್ ಫಾರೊ ಅಂಗಡಿ ಹೇಳಿಕೊಳ್ಳುತ್ತದೆ. ಮಿಗೆಲ್ ಹಾರಾ 1973ರಲ್ಲಿ ತೆರೆದ ಲಾ ಟಾಕೆರಿಯಾ ಇದೇ ಬಡಾವಣೆಯಲ್ಲಿದ್ದರೂ ಬುರಿಟೊಗೆ ಅನ್ನ ಹಾಕುವುದಿಲ್ಲ. ಅನ್ನವಿಲ್ಲದೆ ಊಟ ಮುಗಿಯದೆಂದು ನಂಬಿ ಬೆಳೆದ ನಾನೇ ಹೇಳುತ್ತಿದ್ದೇನೆ, ಆ ನಿರ್ಧಾರವೇ ಅಂಗಡಿಯ ನಿಜವಾದ ಜಾಣತನ. ಬುರಿಟೊದೊಳಗಿನ ಅನ್ನ ಹೊಟ್ಟೆ ತುಂಬಿಸುತ್ತದೆ, ಜೊತೆಗೆ ಮಾಂಸದ ರಸವನ್ನೂ ಸಾಲ್ಸಾದ ಹುಳಿಯನ್ನೂ ಹೀರಿಕೊಂಡು ಎಲ್ಲವನ್ನೂ ಸಪ್ಪೆ ಮಾಡುತ್ತದೆ. ಅದು ಇಲ್ಲದಿದ್ದಾಗ ಕಾಳು, ಹಂದಿಮಾಂಸದ ಕಾರ್ನಿಟಾಸ್, ಸಾಲ್ಸಾ ಒಂದೊಂದೂ ತನ್ನ ರುಚಿಯಿಂದಲೇ ಗುರುತು ಸಿಗುತ್ತದೆ. ‘ಡೊರಾಡೊ’ ಎಂದು ಕೇಳಿದರೆ, ಸುತ್ತಿದ ಬುರಿಟೊವನ್ನು ಕಾವಲಿಯ ಮೇಲೆ ಹೊರಮೈ ಕೆಂಪಗಾಗುವವರೆಗೆ ಸುಟ್ಟು ಕೊಡುತ್ತಾರೆ. ಇದನ್ನು ಕೇಳದೆ ತಿಂದು ಬಂದು ನಿರಾಶೆಯಾಯಿತು ಎನ್ನುವವರ ಮಾತಿಗೆ ನಾನು ಬೆಲೆ ಕೊಡುವುದಿಲ್ಲ.

2014ರಲ್ಲಿ ಫೈವ್‌ಥರ್ಟಿಎಯ್ಟ್ ಎಂಬ ಸುದ್ದಿತಾಣ ದೇಶದ 64 ಬುರಿಟೊಗಳ ನಡುವೆ ಪಂದ್ಯಾವಳಿಯಂತೆ ಸ್ಪರ್ಧೆ ನಡೆಸಿ ಲಾ ಟಾಕೆರಿಯಾವನ್ನು ಮೊದಲ ಸ್ಥಾನಕ್ಕೇರಿಸಿತು; 2017ರಲ್ಲಿ ಅಡುಗೆಯವರಿಗೂ ಹೋಟೆಲುಗಳಿಗೂ ಪ್ರಶಸ್ತಿ ಕೊಡುವ ಜೇಮ್ಸ್ ಬಿಯರ್ಡ್ ಪ್ರತಿಷ್ಠಾನದ ‘ಅಮೆರಿಕಾಸ್ ಕ್ಲಾಸಿಕ್ಸ್’ ಗೌರವವೂ ಅದಕ್ಕೆ ಸಂದಿತು. ಆದರೆ ಅಂಗಡಿಗೆ ಹೆಸರು ಬಂದದ್ದು ಅದಕ್ಕಿಂತ ನಾಲ್ಕು ದಶಕ ಹಿಂದಿನಿಂದ ಪ್ರತಿದಿನ ಕಾರ್ನಿಟಾಸ್ ಬೇಯಿಸಿದ್ದಕ್ಕೆ. ಪಟ್ಟಿ ಹಿಡಿದು ಬರುವ ಪ್ರವಾಸಿಗಳ ಸಾಲು ತೀರ ಉದ್ದವಿದ್ದ ದಿನ ನಾನು ಅದೇ ರಸ್ತೆಯ ಎಲ್ ಫಾರೊಲಿಟೊಗೆ ಹೋಗುತ್ತೇನೆ. ಅಲ್ಲಿ ಅನ್ನ ಹಾಕುತ್ತಾರೆ, ಬುರಿಟೊ ಒಬ್ಬರಿಗೆ ಹೆಚ್ಚೇ ಆಗುವಷ್ಟಿರುತ್ತದೆ, ತಡರಾತ್ರಿಯವರೆಗೂ ಸಿಗುತ್ತದೆ, ಮತ್ತು ಅದನ್ನು ತಿನ್ನುವಾಗ ನನಗೆ ಯಾವ ಕೊರತೆಯೂ ಕಾಣುವುದಿಲ್ಲ.

ದೇಶಕ್ಕೆಲ್ಲ ಬುರಿಟೊ ಪರಿಚಯಿಸಿದ ಖ್ಯಾತಿ ಹೊತ್ತ ಚಿಪೋಟ್ಲೆ ಸರಣಿಯ ಬಗ್ಗೆ ನನಗೆ ಇಷ್ಟು ಮೃದುವಾದ ಅಭಿಪ್ರಾಯವಿಲ್ಲ. ಅದರ ಸ್ಥಾಪಕ ಸ್ಟೀವ್ ಎಲ್ಸ್ ಸ್ಯಾನ್ ಫ್ರಾನ್ಸಿಸ್ಕೊದ ಉಪಾಹಾರ ಗೃಹವೊಂದರಲ್ಲಿ ಅಡುಗೆ ಕೆಲಸ ಮಾಡುವಾಗ ಇದೇ ಮಿಷನ್ ಅಂಗಡಿಗಳನ್ನು ಕಂಡು, 1993ರಲ್ಲಿ ಡೆನ್ವರಿನಲ್ಲಿ ತನ್ನದನ್ನು ತೆರೆದ. ಮಿಷನ್ ಬುರಿಟೊದಿಂದ ಅದು ಗಾತ್ರವನ್ನೂ ಅನ್ನವನ್ನೂ ತೆಗೆದುಕೊಂಡಿತು, ಕಾವಲಿಯ ಶಿಸ್ತನ್ನು ಅಲ್ಲಿಯೇ ಬಿಟ್ಟಿತು. ಸರಣಿ ಅಂಗಡಿಯಿಂದ ನಾವು ನಿರೀಕ್ಷಿಸುವ ಏಕರೂಪತೆಯಾದರೂ ಇರಬೇಕಿತ್ತು. 2024ರಲ್ಲಿ ವೆಲ್ಸ್ ಫಾರ್ಗೊ ವಿಶ್ಲೇಷಕರು ನ್ಯೂಯಾರ್ಕಿನಲ್ಲಿ ಅದರ 75 ಬುರಿಟೊ ಬೌಲುಗಳನ್ನು (ಟೋರ್ಟಿಯಾ ಇಲ್ಲದೆ ಬಟ್ಟಲಿನಲ್ಲಿ ಕೊಡುವ ಬುರಿಟೊ) ತರಿಸಿ ತೂಗಿದಾಗ, ಅಂಗಡಿಯಿಂದ ಅಂಗಡಿಗೆ ತೂಕದಲ್ಲಿ ದೊಡ್ಡ ಅಂತರವೇ ಕಂಡುಬಂದಿತ್ತು. ಅದರ ಪರವಾಗಿ ಹೇಳಬಹುದಾದ ಒಂದು ಮಾತು ನಮ್ಮಂಥ ಮನೆಗಳಿಗೆ ಮುಖ್ಯವಾದದ್ದು: ಹಿಂದೆ ಹಂದಿಮಾಂಸದ ಬೇಕನ್ ಸೇರಿಸಿ ಬೇಯಿಸುತ್ತಿದ್ದ ಪಿಂಟೊ ಕಾಳನ್ನು ಅದು 2013ರಲ್ಲಿ ಸಂಪೂರ್ಣ ಸಸ್ಯಾಹಾರಿಯನ್ನಾಗಿ ಮಾಡಿತು. ಸಣ್ಣ ಮೆಕ್ಸಿಕನ್ ಅಂಗಡಿಗಳಲ್ಲಿ ಕಾಳಿಗೆ ಹಂದಿ ಕೊಬ್ಬು ಹಾಕುವ ರೂಢಿ ಇರುವುದರಿಂದ, ನನ್ನ ಹೆಂಡತಿ ಎಷ್ಟೇ ಹೆಸರಾಂತ ಅಂಗಡಿಯಾದರೂ ಮೊದಲು ಅದನ್ನೇ ಕೇಳಿ, ಸಾಲಿನಲ್ಲಿ ನಿಲ್ಲಬೇಕೋ ಬೇಡವೋ ಎಂದು ಆಮೇಲೆ ತೀರ್ಮಾನಿಸುತ್ತಾಳೆ.