ಬಯಲಲ್ಲಿ ಐಸ್ ಹಾಕಿ: ಸಿರಾಕ್ಯೂಸ್‌ನ ಒಂದು ಶನಿವಾರ

ಬಯಲಲ್ಲಿ ನಡೆಯುವ ಐಸ್ ಹಾಕಿ ಪಂದ್ಯಕ್ಕೆ ಟಿಕೆಟ್ ತೆಗೆಯುವಾಗ ಮುಂದಿನ ಸಾಲಿಗೆ ಆಸೆಪಡಬಾರದು. ಒಳಾಂಗಣದಲ್ಲಿ ಗಾಜಿಗೆ ಮೂಗು ತಾಗುವಂಥ ಸೀಟಿಗೆ ಬೆಲೆ ಜಾಸ್ತಿ, ಮಜವೂ ಜಾಸ್ತಿ. ಹೊರಗೆ ಅದೇ ಸೀಟು ದಂಡ. ರಿಂಕ್, ಅಂದರೆ ಐಸ್ ಅಂಗಳದ ಸುತ್ತಲಿನ ಬೋರ್ಡ್ ಎಂಬ ತಡೆಗೋಡೆ ಸುಮಾರು 42 ಇಂಚು ಎತ್ತರ, ಅದರ ಮೇಲೆ ಗಾಜು. ಅರೀನಾದಲ್ಲಿ ಆಸನಗಳು ಬೋರ್ಡಿನ ಬೆನ್ನಿಗೇ ಶುರುವಾಗಿ ಕಡಿದಾಗಿ ಏರುತ್ತವೆ. ಬೇಸ್‌ಬಾಲ್ ಮೈದಾನದಲ್ಲೋ ರೇಸ್ ಟ್ರ್ಯಾಕಿನಲ್ಲೋ ಹಾಗಲ್ಲ. ಅಲ್ಲಿ ರಿಂಕ್ ಯಾರದೋ ಮನೆಗೆ ಬಂದ ನೆಂಟ, ಮೊದಲ ಸಾಲಿನಿಂದ ದೂರದಲ್ಲಿ ಕೂತಿರುತ್ತದೆ. ಕೆಳಗಿನಿಂದ ನೋಡಿದರೆ ನಿಮ್ಮ ಕಡೆಯ ಬೋರ್ಡೇ ಪಕ್ ಅನ್ನು, ಅಂದರೆ ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆಯನ್ನು ಮರೆಮಾಡುತ್ತದೆ. ಕಾಣುವುದು ಆಟಗಾರರ ಸೊಂಟದಿಂದ ಮೇಲಿನ ಭಾಗ, ಅದೂ ಗಾಜಿನ ಪ್ರತಿಫಲನದ ನಡುವೆ. ಇಪ್ಪತ್ತು ಸಾಲು ಮೇಲೆ ಹೋದರೆ ಐಸ್ ಪೂರ್ತಿ ಬಿಚ್ಚಿಕೊಳ್ಳುತ್ತದೆ. ನಡುಗೆರೆಯ ನೇರಕ್ಕೆ ಸಿಕ್ಕರೆ ಇನ್ನೂ ಒಳ್ಳೆಯದು. ಚಿಕ್ಕದೊಂದು ದುರ್ಬೀನು ಜೊತೆಗಿರಲಿ.

2010ರ ಫೆಬ್ರವರಿ 20, ಶನಿವಾರ. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ, ಪ್ರತಿವರ್ಷ ಬೇಸಿಗೆಯ ಕೊನೆಯಲ್ಲಿ ರಾಜ್ಯ ಮೇಳ ನಡೆಯುವ ಮೈದಾನದಲ್ಲಿ ಸಿರಾಕ್ಯೂಸ್ ಕ್ರಂಚ್ ಮತ್ತು ಬಿಂಗಹ್ಯಾಮ್ಟನ್ ಸೆನೆಟರ್ಸ್ ತಂಡಗಳು ಎದುರಾದವು. ಅಮೆರಿಕನ್ ಹಾಕಿ ಲೀಗ್ ಶುರುವಾದದ್ದು 1936ರಲ್ಲಿ. ಅದರ ಇತಿಹಾಸದಲ್ಲಿ ಬಯಲಲ್ಲಿ ನಡೆದ ಮೊದಲ ಪಂದ್ಯ ಇದು. ಕ್ರಂಚ್‌ನ ಮಾಮೂಲಿ ಮನೆಯಾದ ವಾರ್ ಮೆಮೋರಿಯಲ್ ಅರೀನಾದಲ್ಲಿ ಹಿಡಿಸುವುದು ಆರು ಸಾವಿರ ಚಿಲ್ಲರೆ ಜನ. ಅಂದು ಬಂದವರು 21,508. ನಮ್ಮಂಥ ಖಾಯಂ ಗಿರಾಕಿಗಳ ಜೊತೆಗೆ, ಹಾಕಿ ಎಂದರೆ ಧ್ಯಾನ್‌ಚಂದ್ ಎಂದಷ್ಟೇ ಗೊತ್ತಿದ್ದವರೂ ಆ ಗುಂಪಿನಲ್ಲಿದ್ದರು.

ಎರಡನೇ ಹಂತದ ಲೀಗ್ ಎಂದು ಮೂಗು ಮುರಿಯುವವರಿಗೆ ಒಂದು ಮಾತು. ಇಲ್ಲಿನ ಒಂದೊಂದು ತಂಡವೂ ಮೇಲಿನ ಹಂತದ ನ್ಯಾಷನಲ್ ಹಾಕಿ ಲೀಗಿನ (ಎನ್‌ಎಚ್‌ಎಲ್) ಒಂದು ತಂಡಕ್ಕೆ ಅಂಟಿಕೊಂಡಿರುತ್ತದೆ. ಆ ವರ್ಷ ಕ್ರಂಚ್ ಕೊಲಂಬಸ್‌ಗೆ, ಬಿಂಗಹ್ಯಾಮ್ಟನ್ ಒಟ್ಟಾವಾಗೆ. ಮೇಲೆ ಒಬ್ಬನಿಗೆ ಮಂಡಿ ನೋವು ಬಂದರೆ ಇಲ್ಲಿಂದ ಒಬ್ಬ ರಾತ್ರೋರಾತ್ರಿ ಗಂಟುಮೂಟೆ ಕಟ್ಟುತ್ತಾನೆ. ಎನ್‌ಎಚ್‌ಎಲ್ ಆಟಗಾರರಲ್ಲಿ ಹತ್ತಕ್ಕೆ ಹತ್ತಿರಹತ್ತಿರ ಒಂಬತ್ತು ಮಂದಿ ಈ ಲೀಗ್ ದಾಟಿಯೇ ಹೋದವರು. ಹಾಗಾಗಿ ಚಳಿಯೆಂದು ಯಾರೂ ಮೈಗಳ್ಳತನ ಮಾಡುವುದಿಲ್ಲ.

ಇನ್ನು ಐಸ್. ಪ್ರೇಕ್ಷಕರಲ್ಲಿ ಬಹುತೇಕರು ನೋಡದೇ ಬಿಡುವ ಭಾಗ ಇದೇ. ಚಳಿ ಇದೆಯಲ್ಲ, ನೀರು ಸುರಿದರೆ ಸಾಕು ಎಂದುಕೊಂಡರೆ ತಪ್ಪು. ಮೊದಲು ನೆಲ ಮಟ್ಟಸವಾಗಬೇಕು. 200 ಅಡಿ ಉದ್ದ, 85 ಅಡಿ ಅಗಲದ ಜಾಗದಲ್ಲಿ ಒಂದು ಮೂಲೆ ಎರಡು ಇಂಚು ತಗ್ಗಿದ್ದರೂ ನೀರೆಲ್ಲ ಅಲ್ಲಿಗೇ ಹರಿದು ಐಸ್ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗಾಗುತ್ತದೆ. ಮಟ್ಟ ಮಾಡಿದ ಮೇಲೆ ತಂಪು ದ್ರವ ಹರಿಯುವ ಕೊಳವೆಗಳ ಹಾಸು. ಅದರೊಳಗೆ ಗ್ಲೈಕಾಲ್ ಬೆರೆಸಿದ ದ್ರವವನ್ನು ಪಕ್ಕದಲ್ಲಿ ನಿಂತ ಶೀತಕ ಯಂತ್ರ ಬಿಡುವಿಲ್ಲದೆ ತಳ್ಳುತ್ತಿರುತ್ತದೆ. ನೀರನ್ನು ಒಮ್ಮೆಲೇ ಸುರಿಯುವುದಿಲ್ಲ, ಪದರ ಪದರವಾಗಿ ಸಿಂಪಡಿಸುತ್ತಾರೆ. ಒಂದು ಪದರ ಗಟ್ಟಿಯಾದ ಮೇಲೆ ಇನ್ನೊಂದು. ನಡುವೆ ಬಿಳಿ ಬಣ್ಣ, ಆಮೇಲೆ ಕೆಂಪು ನೀಲಿ ಗೆರೆಗಳು, ಅವುಗಳ ಮೇಲೆ ಮತ್ತೆ ನೀರು. ಒಟ್ಟು ದಪ್ಪ ಒಂದೂವರೆ ಎರಡು ಇಂಚು. ಇದಕ್ಕೆ ದಿನಗಟ್ಟಲೆ ಬೇಕು.

ಮೇಲ್ಮೈ ಮೈನಸ್ ಐದು ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಐಸ್ ಹದವಾಗಿದೆ ಎಂದರ್ಥ. ಬಿಸಿಲು ಬಿದ್ದರೆ ಮೊದಲು ಮೆತ್ತಗಾಗುವುದು ಬಣ್ಣದ ಗೆರೆಗಳ ಮೇಲಿನ ಐಸ್, ಗಾಢ ಬಣ್ಣ ಶಾಖ ಹೀರುತ್ತದಲ್ಲ. ನೀಲಿ ಗೆರೆ ದಾಟುವಾಗ ಪಕ್ ಕುಪ್ಪಳಿಸಿದರೆ ಆಟಗಾರನನ್ನು ಬೈಯುವ ಮೊದಲು ಆಕಾಶ ನೋಡಿ. ಅತಿ ಚಳಿಯೂ ಕೆಟ್ಟದ್ದೇ. ಐಸ್ ಗಾಜಿನಂತೆ ಪೆಡಸಾಗಿ ಸ್ಕೇಟಿನ ಅಂಚಿಗೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. 2003ರ ನವೆಂಬರಿನಲ್ಲಿ ಎಡ್ಮಂಟನ್‌ನ ಬಯಲಲ್ಲಿ ಎನ್‌ಎಚ್‌ಎಲ್ ಪಂದ್ಯ ನಡೆದಾಗ ಉಷ್ಣತೆ ಮೈನಸ್ ಹದಿನೆಂಟರ ಹತ್ತಿರ. ಮಾಂಟ್ರಿಯಲ್‌ನ ಗೋಲ್‌ಕೀಪರ್ ಜೋಸೆ ಥಿಯೊಡೋರ್ ಮಾಸ್ಕಿನ ಮೇಲೆಯೇ ಉಣ್ಣೆ ಟೋಪಿ ಹಾಕಿಕೊಂಡು ಆಡಿದ.

ಚಳಿ ಪ್ರೇಕ್ಷಕನಿಗೆ ಹತ್ತುವುದು ಕಾಲಿನಿಂದ. ಮೂರು ಪೀರಿಯಡ್, ಎರಡು ವಿರಾಮ, ಮೊದಲಿನ ಸಮಾರಂಭ ಎಲ್ಲ ಸೇರಿ ಮೂರು ತಾಸು ಕಾಂಕ್ರೀಟಿನ ಮೇಲೆ ಕಾಲಿಟ್ಟು ಕೂರಬೇಕು. ಜಾಕೆಟ್ ಎಷ್ಟೇ ದುಬಾರಿಯದಾಗಿರಲಿ, ಅಂಗಾಲಿನ ಶಾಖವನ್ನು ನೆಲ ಹೀರುತ್ತಲೇ ಇರುತ್ತದೆ. ಅಲ್ಲಿನ ಹಳಬರು ಒಂದು ರಟ್ಟಿನ ಪೆಟ್ಟಿಗೆ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಬರುವುದು ಇದಕ್ಕೇ. ಎರಡು ಪದರ ರಟ್ಟು ಬೂಟಿನಡಿ ಹಾಕಿದರೆ ಅರ್ಧ ಯುದ್ಧ ಗೆದ್ದಂತೆ. ಕೂರಲು ಅಲ್ಯೂಮಿನಿಯಂ ಬೆಂಚಾದರೆ ಫೋಮ್ ದಿಂಬು ಅಥವಾ ಮಡಿಸಿದ ಕಂಬಳಿ ಬೇಕೇ ಬೇಕು.

ಮೈಗೆ ತಾಗುವ ಬಟ್ಟೆ ಹತ್ತಿಯದಾಗಿರಬಾರದು. ಪಾರ್ಕಿಂಗ್‌ನಿಂದ ನಡೆದು ಮೆಟ್ಟಿಲು ಹತ್ತುವಾಗ ಬೆವರು ಬರುತ್ತದೆ, ಹತ್ತಿ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಕೂತ ಅರ್ಧ ಗಂಟೆಯಲ್ಲಿ ಬೆನ್ನು ಕೊರೆಯಲು ಶುರು. ಉಣ್ಣೆಯದೋ ಪಾಲಿಯೆಸ್ಟರಿನದೋ ಥರ್ಮಲ್, ಅದರ ಮೇಲೆ ಸ್ವೆಟರ್, ಮೇಲೆ ಗಾಳಿ ತಡೆಯುವ ಜಾಕೆಟ್. ತಂಡದ ಜರ್ಸಿ ಎಲ್ಲಕ್ಕಿಂತ ಹೊರಗೆ, ಆದ್ದರಿಂದ ಅದನ್ನು ಎರಡು ಸೈಜ್ ದೊಡ್ಡದೇ ಕೊಳ್ಳಬೇಕು. ಕಾಲ್ಚೀಲ ಎರಡೆರಡು ಹಾಕಿ ಬೂಟು ಬಿಗಿ ಮಾಡಿಕೊಂಡರೆ ರಕ್ತ ಸಂಚಾರ ನಿಂತು ಕಾಲು ಇನ್ನೂ ಬೇಗ ಮರಗಟ್ಟುತ್ತದೆ. ಒಂದೇ ಜೊತೆ ದಪ್ಪ ಉಣ್ಣೆಯದು, ಬೆರಳಾಡಿಸಲು ಜಾಗವಿರುವ ಬೂಟು.

ಕೈ ಬೆಚ್ಚಗಿಡುವ ಪುಟ್ಟ ಚೀಲಗಳ ಒಳಗಿರುವುದು ಕಬ್ಬಿಣದ ಪುಡಿ. ಗಾಳಿ ತಾಗಿದರೆ ತುಕ್ಕು ಹಿಡಿಯುತ್ತ ಬಿಸಿಯಾಗುತ್ತದೆ. ಗೇಟಿನ ಸಾಲಿನಲ್ಲಿ ನಿಂತಾಗಲೇ ಕವರು ಹರಿದು ಅಲುಗಾಡಿಸಬೇಕು, ಬಿಸಿ ಏರಲು ಸುಮಾರು ಇಪ್ಪತ್ತು ನಿಮಿಷ ಬೇಕು. ಬೂಟಿನೊಳಗೆ ಕೈಯ ಚೀಲ ತುರುಕುವವರಿದ್ದಾರೆ, ಅಲ್ಲಿ ಗಾಳಿ ಸಾಲದೆ ಅದು ತಣ್ಣಗೆ ಮಲಗುತ್ತದೆ. ಕಾಲ್ಬೆರಳಿಗೆಂದೇ ಮಾಡಿದ ತೆಳ್ಳಗಿನದು ಬೇರೆ ಸಿಗುತ್ತದೆ. ಇನ್ನೊಂದು ಚೀಲವನ್ನು ಫೋನ್ ಇಟ್ಟ ಒಳಜೇಬಿಗೆ ಹಾಕಿ, ನಡುವೆ ಕರವಸ್ತ್ರ ಇರಲಿ. ಚಳಿಗೆ ಬ್ಯಾಟರಿ ನಲವತ್ತು ಶೇಕಡಾ ತೋರಿಸುತ್ತಿದ್ದದ್ದು ಕಣ್ಣೆದುರೇ ಆರಿಹೋಗುತ್ತದೆ. ಟಿಕೆಟ್ ಅದರೊಳಗೇ ಇದ್ದರೆ ಫಜೀತಿ.

ಹೊರಗಿನ ಊಟ ಒಳಗೆ ಬಿಡುವುದು ಅಪರೂಪ, ಹೊಟ್ಟೆಪೂಜೆ ಕಾರಿನ ಹತ್ತಿರವೇ ಮುಗಿಯಬೇಕು. ಸುತ್ತ ಎಲ್ಲರೂ ಬರ್ಗರ್ ಸುಡುತ್ತಿರುವಾಗ ಫ್ಲಾಸ್ಕಿನಿಂದ ಮೆಣಸಿನ ಸಾರು ಬಗ್ಗಿಸಿಕೊಂಡು ಕುಡಿದವರಿಗೆ ಅದರ ಬೆಲೆ ಗೊತ್ತು. ಒಳಗೆ ಕೊಳ್ಳುವ ಹಾಟ್ ಚಾಕೊಲೇಟ್‌ಗೆ ಮುಚ್ಚಳ ಕೇಳಿ ಪಡೆಯಿರಿ, ತೆರೆದಿಟ್ಟರೆ ಹತ್ತು ನಿಮಿಷಕ್ಕೆ ತಣ್ಣೀರು. ಶೌಚಾಲಯಕ್ಕೆ ವಿರಾಮ ಕಾಯಬೇಡಿ. ಪೀರಿಯಡ್‌ನಲ್ಲಿ ನಾಲ್ಕು ನಿಮಿಷ ಉಳಿದಾಗಲೇ ಎದ್ದರೆ ಸಾಲು ಇರುವುದಿಲ್ಲ, ಐಸ್ ನುಣುಪು ಮಾಡುವ ಯಂತ್ರ ಜಾಂಬೋನಿ ಹೊರಡುವಷ್ಟರಲ್ಲಿ ವಾಪಸ್ ಬರಬಹುದು.

ಜಾಂಬೋನಿಯನ್ನು ನೋಡಲೇಬೇಕು. ಅದು ಐಸಿನ ಮೇಲ್ಪದರ ಕೆರೆದು ಬಿಸಿ ನೀರು ಸವರಿಕೊಂಡು ಹೋಗುತ್ತದೆ. ಬಿಸಿ ನೀರೇ ಏಕೆಂದರೆ ಅದು ಸ್ಕೇಟ್ ಕೊರೆದ ಗೀರುಗಳ ಅಂಚು ಕರಗಿಸಿ ಕೆಳಪದರದ ಜೊತೆ ಬೆಸೆದುಕೊಳ್ಳುತ್ತದೆ. ಹಿಮ ಬೀಳುವ ದಿನವಾದರೆ ಇದೂ ಸಾಲದು. ಒಂಟಾರಿಯೋ ಸರೋವರದ ತೇವ ಹೊತ್ತು ಬರುವ ಗಾಳಿ ಸಿರಾಕ್ಯೂಸ್ ಮೇಲೆ ವರ್ಷಕ್ಕೆ ನೂರು ಇಂಚಿಗೂ ಮೀರಿ ಹಿಮ ಸುರಿಸುತ್ತದೆ. ಪಕ್ಕಿನ ಮುಂದೆ ಹಿಮದ ಪುಡಿ ಗುಡ್ಡೆಗಟ್ಟಿದರೆ ಅದು ಜಾರುವುದಿಲ್ಲ, ಉರುಳಾಡುತ್ತದೆ. ಐವತ್ತಡಿ ಪಾಸ್ ಇಪ್ಪತ್ತಡಿಗೇ ಸುಸ್ತು. ಆಗ ಚಿಕ್ಕ ಪಾಸ್ ಬಿಟ್ಟು ಮೂಲೆಗೆ ಹೊಡೆದು ಬೆನ್ನಟ್ಟುವ ತಂಡಕ್ಕೆ ಲಾಭ. ನೋಡಲು ಒರಟು, ಆದರೆ ಜಾಣತನದ ಆಟ.

ಮೇಲಿನ ಸಾಲಿನಲ್ಲಿ ಕೂತರೆ ಒಂದು ವಿಚಿತ್ರ ಗಮನಕ್ಕೆ ಬರುತ್ತದೆ. ರಿಂಕ್ ನೂರು ಮೀಟರ್ ದೂರವಿದ್ದರೆ ಶಬ್ದ ನಿಮ್ಮನ್ನು ಮುಟ್ಟಲು ಸೆಕೆಂಡಿನ ಮೂರನೇ ಒಂದು ಭಾಗ ಬೇಕು. ಸ್ಟಿಕ್ ಬೀಸಿದ್ದು ಕಾಣುತ್ತದೆ, ಪಕ್ ಆಗಲೇ ಹಾದಿಯಲ್ಲಿರುತ್ತದೆ, ಆಮೇಲೆ ‘ಟಕ್’. ಒಳಾಂಗಣದಲ್ಲಿ ಇಬ್ಬರು ಬೋರ್ಡಿಗೆ ಅಪ್ಪಳಿಸಿದರೆ ಸೀಟೇ ನಡುಗುತ್ತದೆ. ಬಯಲಲ್ಲಿ ಆ ಸದ್ದು ಆಕಾಶಕ್ಕೆ ಹೋಗಿಬಿಡುತ್ತದೆ. ಕಿವಿ ನೆಚ್ಚಿಕೊಂಡು ಆಟ ನೋಡುವ ಅಭ್ಯಾಸವಿದ್ದವರಿಗೆ ಮೊದಲ ಪೀರಿಯಡ್ ಪೂರ್ತಿ ತಬ್ಬಿಬ್ಬು. ನಿಜ ಹೇಳಬೇಕೆಂದರೆ ಹಾಕಿಯನ್ನು ಹಾಕಿಯಾಗಿ ಸವಿಯಲು ವಾರ್ ಮೆಮೋರಿಯಲ್ಲೇ ಮೇಲು.

ಅಂದು ಕ್ರಂಚ್ 2–1ರಿಂದ ಗೆದ್ದಿತು. ಪ್ರೇಕ್ಷಕರ ಲೆಕ್ಕದಲ್ಲಿ ಅದು ಆಗ ಲೀಗಿನ ದಾಖಲೆ. 2012ರ ಜನವರಿಯಲ್ಲಿ ಫಿಲಡೆಲ್ಫಿಯಾದ ಬೇಸ್‌ಬಾಲ್ ಮೈದಾನದಲ್ಲಿ 45,653 ಮಂದಿ ಸೇರಿ ಆ ಸಂಖ್ಯೆಯನ್ನು ಎಷ್ಟೋ ಹಿಂದೆ ಹಾಕಿದರು. ಮೇಳದ ಮೈದಾನದಲ್ಲಿ ಪ್ರೇಕ್ಷಕರು ಕೂತಿದ್ದ ಆ ಗ್ರ್ಯಾಂಡ್‌ಸ್ಟ್ಯಾಂಡ್ ಕೂಡ ಈಗಿಲ್ಲ, 2016ರಲ್ಲಿ ಕೆಡವಿದರು.

ಕಾರು ನಿಲ್ಲಿಸುವಾಗಲೇ ಮೂತಿ ಹೊರದಾರಿಗೆ ತಿರುಗಿಸಿ ಇಟ್ಟಿರಬೇಕು. ಇಪ್ಪತ್ತು ಸಾವಿರ ಜನ ಒಂದೇ ಹೊತ್ತಿಗೆ ಹೊರಟರೆ 690ನೇ ಹೆದ್ದಾರಿ ಹತ್ತಲು ಮುಕ್ಕಾಲು ತಾಸಾದರೂ ಹಿಡಿಯುತ್ತದೆ. ಡಿಕ್ಕಿಯಲ್ಲಿ ಒಣ ಕಾಲ್ಚೀಲ ಇರಲಿ, ಎಂಜಿನ್ ಬಿಸಿಯಾಗುವಷ್ಟರಲ್ಲಿ ಬದಲಿಸಿಕೊಳ್ಳಬಹುದು. ಮರಗಟ್ಟಿದ ಬೆರಳನ್ನು ನೇರ ಹೀಟರಿನ ಬಾಯಿಗೆ ಹಿಡಿಯಬೇಡಿ. ಸ್ಪರ್ಶವಿಲ್ಲದ ಚರ್ಮಕ್ಕೆ ಸುಡುತ್ತಿರುವುದು ಗೊತ್ತಾಗುವುದಿಲ್ಲ. ಕಂಕುಳಲ್ಲಿಟ್ಟುಕೊಂಡು ನಿಧಾನಕ್ಕೆ ಬಿಸಿ ಮಾಡಿಕೊಂಡರೆ ಸಾಕು.