ಸೀಟಿನ ಅಳತೆ ಯಾಕೆ ಕೊನೆಗೆ ಇಳಿಯುತ್ತೆ

ದಾವಣಗೆರೆಯ ವಿದ್ಯಾನಗರದಲ್ಲಿ ನನ್ನದೊಂದು ಲೇಡೀಸ್ ಟೈಲರಿಂಗ್ ಅಂಗಡಿ ಇದೆ. ಮದುವೆಯಾದ ಮರುವರ್ಷದಿಂದ ಹೆಂಗಸರ ಅಳತೆ ತಗೊಳ್ತಾ ಬಂದಿದೀನಿ. ಎದೆ, ಸೊಂಟ, ಸೀಟು, ತೋಳು, ಉದ್ದ. ಸೀಟು ಅಂದ್ರೆ ಕಾಲು ಜೋಡಿಸಿ ನಿಂತಾಗ ಹಿಂಭಾಗ ಎಲ್ಲಿ ಅತಿ ಅಗಲ ಇರುತ್ತೋ ಅಲ್ಲಿಯ ಸುತ್ತಳತೆ. ಟೇಪು ಅಲ್ಲಿಗೆ ಬಂತು ಅಂದ್ರೆ ಸಾಕು, ಎಷ್ಟೋ ಜನ ಉಸಿರು ಬಿಗಿ ಹಿಡಿದು ನಿಂತುಬಿಡ್ತಾರೆ. ಹೊಟ್ಟೆಯನ್ನಾದ್ರೆ ಒಳಗೆ ಎಳ್ಕೊಬಹುದು, ಸೀಟನ್ನ ಎಲ್ಲಿಗೆ ಎಳ್ಕೊಳ್ಳೋದು? "ಉಸಿರು ಬಿಡ್ರಿ ಅಕ್ಕಾ, ಇಲ್ಲಾಂದ್ರೆ ಕೂತಾಗ ಸೈಡ್ ಕಟ್ ಹತ್ರ ಹರಿಯುತ್ತೆ" ಅಂತ ನಾನೇ ಹೇಳಬೇಕು.

ಈಚೆಗೆ ಅಳತೆ ಕೊಡೋಕೆ ಬಂದವರೆಲ್ಲ ಒಂದೇ ಪ್ರಶ್ನೆ ಕೇಳ್ತಾರೆ. "ನೀವು ಚೆನ್ನಾಗಿ ಇಳಿದೀರಿ. ಈ ಜಾಗ ಒಂದು ಇಳಿಸೋದು ಹೆಂಗೆ ಹೇಳ್ರಿ." ಬಾಯಲ್ಲಿ ಬಟ್ಟೆ ಪಿನ್ನು ಕಚ್ಚಿಕೊಂಡು ಎಲ್ಲರಿಗೂ ಪೂರ್ತಿ ಉತ್ತರ ಕೊಡೋಕಾಗಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ.

ಮೊದಲು ನನ್ನ ಲೆಕ್ಕ. ನನಗೆ ಈಗ ನಲವತ್ನಾಲ್ಕು. ಶುರು ಮಾಡಿದಾಗ ಸೊಂಟ 36 ಇಂಚು, ಸೀಟು 44. ಈಗ ಸೊಂಟ 32 ಮುಕ್ಕಾಲು, ಸೀಟು 41. ಆದ್ರೆ ಈ ಎರಡು ಒಟ್ಟಿಗೆ ಇಳಿದಿದ್ದಲ್ಲ. ಗಣೇಶನ ಹಬ್ಬ ಮುಗಿದ ಮೇಲೆ ಊಟ ತಿದ್ದಿಕೊಂಡು ನಡೆಯೋಕೆ ಶುರು ಮಾಡಿದೆ. ಮೊದಲು ಇಳಿದಿದ್ದು ಮುಖ, ಕುತ್ತಿಗೆ. ಆಮೇಲೆ ರವಿಕೆ ಲೂಸಾಯ್ತು. ಸಂಕ್ರಾಂತಿ ಹೊತ್ತಿಗೆ ಸೊಂಟ ಎರಡು ಇಂಚು ಹೋಗಿತ್ತು, ಸೀಟು ಮಾತ್ರ 44ರಲ್ಲೇ ಕೂತಿತ್ತು. ಪಕ್ಕದ ಮನೆಯವರು "ಏನ್ರೀ, ಷುಗರ್ ಬಂತೇನು, ಮುಖ ಬತ್ತಿ ಹೋಗೈತಿ" ಅಂತ ಕೇಳೋರು. ಮುಖ ಬತ್ತಿದ್ದು ಎಲ್ಲರಿಗೂ ಕಂಡಿತ್ತು, ನಾನು ಇಳಿಸಬೇಕು ಅಂತಿದ್ದ ಜಾಗ ಅಲ್ಲಾಡಿರಲಿಲ್ಲ. ಬಹಳ ಜನ ಕೈಬಿಡೋದು ಇಲ್ಲೇ. ಅದು ಇಳಿಯೋದು ಶುರುವಾಗಿದ್ದು ಯುಗಾದಿ ಆದ ಮೇಲೆ, ಅದೂ ಕಾಲು ಕಾಲು ಇಂಚು.

ಯಾಕೆ ಹಿಂಗೆ ಅಂತ ನನ್ನ ತಂಗಿಯನ್ನ ಕೇಳಿದೆ. ಅವಳು ನರ್ಸಿಂಗ್ ಕಾಲೇಜಲ್ಲಿ ಪಾಠ ಮಾಡ್ತಾಳೆ. ನಾವು ನಡೆಯುವಾಗ, ಹಸಿದಾಗ ರಕ್ತದಲ್ಲಿ ಅಡ್ರಿನಲಿನ್ ಥರದ ಹಾರ್ಮೋನು ಏರಿ ಕೊಬ್ಬಿನ ಕೋಶಕ್ಕೆ ಹೋಗಿ ತಾಗುತ್ತಂತೆ. ಕೋಶದ ಮೇಲೆ ಅದಕ್ಕೆ ಎರಡು ಥರದ ರಿಸೆಪ್ಟರ್, ಅಂದ್ರೆ ಹಾರ್ಮೋನು ಬಂದು ಕೂರೋ ಜಾಗ, ಇರ್ತಾವೆ. ಬೀಟಾ ಅನ್ನೋದು ಕೊಬ್ಬನ್ನ ಬಿಟ್ಟುಕೊಡು ಅನ್ನುತ್ತೆ, ಆಲ್ಫಾ-2 ಅನ್ನೋದು ಬಿಡಬೇಡ ಅಂತ ತಡೆಯುತ್ತೆ. ಹೆಂಗಸರಿಗೆ ಸೀಟು, ತೊಡೆಯ ಕೊಬ್ಬಿನಲ್ಲಿ ಈ ಆಲ್ಫಾ-2 ಮೇಲುಗೈ. ಈಸ್ಟ್ರೋಜನ್ ಹಾರ್ಮೋನಿನ ಒಲವೂ ಅದೇ ಕಡೆ. ಬಸುರಿ, ಬಾಣಂತಿ ಕಾಲಕ್ಕೆ ಅಂತ ಮೈ ಎತ್ತಿಟ್ಟುಕೊಂಡ ದಾಸ್ತಾನು ಅದು, ಮಗುವಿಗೆ ಹಾಲೂಡಿಸುವಾಗ ಅಲ್ಲಿಂದ ಸುಲಭವಾಗಿ ಖರ್ಚಾಗುತ್ತೆ. ಉಳಿದ ಕಾಲದಲ್ಲಿ ಮನೆಯ ಎಲ್ಲ ದುಡ್ಡು ಖಾಲಿಯಾದ ಮೇಲೆ ಅಜ್ಜಿ ಸೆರಗಿನ ಗಂಟು ಬಿಚ್ಚಿದ ಹಾಗೆ, ಕೊನೆಗೆ.

ಹಾಗಾದ್ರೆ ಆ ಜಾಗಕ್ಕೇ ವ್ಯಾಯಾಮ ಮಾಡಿದ್ರೆ? ಮಲಗಿ ಕಾಲು ಎತ್ತಿ ಇಳಿಸೋದು, ಪಕ್ಕಕ್ಕೆ ಒದೆಯೋದು, "ಹತ್ತು ದಿನದಲ್ಲಿ ಹಿಪ್ ಫ್ಯಾಟ್ ಮಾಯ" ಅನ್ನೋ ವಿಡಿಯೋಗಳು. ಕಾಲಿನ ಸ್ನಾಯು ಗಟ್ಟಿಯಾಗುತ್ತೆ, ಅದರ ಮೇಲಿನ ಕೊಬ್ಬು ಅದಕ್ಕೆ ಅಂತ ಕರಗಲ್ಲ. 1971ರಲ್ಲೇ ಅಮೆರಿಕದಲ್ಲಿ ಟೆನಿಸ್ ಆಟಗಾರರ ಎರಡೂ ತೋಳು ಅಳೆದು ನೋಡಿದ್ರು. ವರ್ಷಗಟ್ಟಲೆ ರ‍್ಯಾಕೆಟ್ ಬೀಸಿದ ಕೈ ದಪ್ಪಗಾಗಿತ್ತು, ಆದ್ರೆ ಚರ್ಮದಡಿಯ ಕೊಬ್ಬು ಎರಡೂ ಕೈಯಲ್ಲಿ ಹೆಚ್ಚುಕಮ್ಮಿ ಒಂದೇ ಇತ್ತು. ಕೊಬ್ಬು ಖರ್ಚಾಗೋದು ಇಡೀ ಮೈಯ ಲೆಕ್ಕದಲ್ಲಿ. ಯಾವ ಜಾಗದಿಂದ ಮೊದಲು ಅನ್ನೋದು ಅಪ್ಪ ಅಮ್ಮನಿಂದ ಬಂದ ಮೈಕಟ್ಟು ಮತ್ತು ಹಾರ್ಮೋನಿಗೆ ಬಿಟ್ಟಿದ್ದು.

ನಮ್ಮ ಗಿರಾಕಿ ಒಬ್ಬರು ಸೊಂಟಕ್ಕೆ ಕಟ್ಟಿಕೊಳ್ಳೋ ಬೆವರಿನ ಬೆಲ್ಟ್ ತಂದು, ಅದನ್ನ ಹಾಕ್ಕೊಂಡೇ ಅಳತೆ ಕೊಡೋಕೆ ಬಂದಿದ್ರು. ಬಿಚ್ಚಿದಾಗ ಚರ್ಮದ ಮೇಲೆ ಅದರ ಗೆರೆ ಮೂಡಿತ್ತು, ಒಳಗಿನ ಸೀರೆ ಲಂಗ ಹಿಂಡೋ ಹಾಗೆ ಒದ್ದೆ. ಬೆವರಲ್ಲಿ ಹೋಗೋದು ನೀರು, ಒಂದು ತಂಬಿಗೆ ಕುಡಿದ್ರೆ ವಾಪಸ್. ಕರಗಿದ ಕೊಬ್ಬು ಎಲ್ಲಿ ಹೋಗುತ್ತೆ ಅಂತ ಆಸ್ಟ್ರೇಲಿಯಾದವರು ಲೆಕ್ಕ ಹಾಕಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದಿದ್ರು. 10 ಕೆಜಿ ಕೊಬ್ಬು ಕರಗಿದ್ರೆ 8.4 ಕೆಜಿ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೊರಗೆ ಹೋಗುತ್ತೆ, ಉಳಿದ 1.6 ಕೆಜಿ ನೀರು. ಹಂಗಂತ ಕೂತಲ್ಲೇ ಜೋರಾಗಿ ಉಸಿರಾಡಿದ್ರೆ ತಲೆ ಸುತ್ತುತ್ತೆ ಅಷ್ಟೇ.

ಈಗ ನನ್ನ ಅಳತೆ ಪುಸ್ತಕದ ವಿಷಯಕ್ಕೆ ಬರ್ತೀನಿ, ನನಗೆ ಹೇಳಬೇಕು ಅನ್ನಿಸಿದ್ದು ಇದೇ. ಉದ್ದನೆಯ ಲೆಡ್ಜರು, ಒಬ್ಬೊಬ್ಬರಿಗೆ ಒಂದು ಪುಟ, ಹೊಸ ಬಟ್ಟೆ ಹೊಲಿಸಿದಾಗೆಲ್ಲ ಅದೇ ಪುಟದಲ್ಲಿ ಕೆಳಗೆ ಹೊಸ ಸಾಲು. ಹಳೆ ಗಿರಾಕಿಗಳ ಪುಟ ತಿರುವಿದ್ರೆ ಒಂದು ಕಥೆ ಮತ್ತೆ ಮತ್ತೆ ಕಾಣುತ್ತೆ. ಮೂವತ್ತರ ಆಸುಪಾಸಲ್ಲಿ, ಎರಡು ಹೆರಿಗೆ ಆದ ಮೇಲೆ ಸೀಟಿನ ಸಂಖ್ಯೆ ಏರುತ್ತೆ. ಮುಟ್ಟು ನಿಂತ ಮೇಲೆ ಸೀಟು ಇದ್ದಲ್ಲೇ ಇದ್ದು, ಏರೋಕೆ ಶುರುವಾಗೋದು ಸೊಂಟ. ಒಬ್ಬ ಟೀಚರಮ್ಮನ ಪುಟದಲ್ಲಿ ಸೀಟು 42 ಅಂತ ಮೇಲಿಂದ ಕೆಳಗಿನ ತನಕ ಒಂದೇ, ಸೊಂಟ ಮಾತ್ರ 33, 35, 37, 39. ಈಸ್ಟ್ರೋಜನ್ ಕಡಿಮೆಯಾದಾಗ ಕೊಬ್ಬು ಸೀಟು ಬಿಟ್ಟು ಹೊಟ್ಟೆಗೆ ಸೇರುತ್ತೆ. ಅವರು ಅಂಗಡಿಗೆ ಬಂದಾಗೆಲ್ಲ ಬೇಜಾರು ಮಾಡ್ಕೊಳ್ಳೋದು ಸೀಟಿನ ಬಗ್ಗೆ. ಕನ್ನಡಿಯಲ್ಲಿ ತಿರುಗಿ ತಿರುಗಿ ನೋಡ್ಕೊಳ್ಳೋದೂ ಅದನ್ನೇ.

ಆದ್ರೆ ಡಾಕ್ಟರು ಹೆದರೋದು ಸೊಂಟಕ್ಕೆ. ಹೊಟ್ಟೆಯೊಳಗೆ ಲಿವರ್, ಕರುಳಿನ ಸುತ್ತ ಸೇರೋ ಕೊಬ್ಬು ಸಕ್ಕರೆ ಕಾಯಿಲೆಗೆ, ಹೃದಯದ ಕಾಯಿಲೆಗೆ ದಾರಿ. ಸೀಟು, ತೊಡೆಯ ಕೊಬ್ಬು ಅಷ್ಟು ಕೇಡಿನದಲ್ಲ. ಭಾರತದ ಹೆಂಗಸರಿಗೆ ಸೊಂಟ 80 ಸೆಂಟಿಮೀಟರ್ ದಾಟಬಾರದು ಅಂತಾರೆ, ನಮ್ಮ ಟೇಪಿನಲ್ಲಿ ಮೂವತ್ತೊಂದೂವರೆ ಇಂಚು. ಸೊಂಟವನ್ನ ಸೀಟಿನಿಂದ ಭಾಗಿಸಿದ್ರೆ 0.85ಕ್ಕಿಂತ ಹೆಚ್ಚಾಗಬಾರದು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ನನ್ನದು ಈಗ 0.80. ಟೀಚರಮ್ಮನದು 0.93. ಸೊಂಟ ಇನ್ನೂ ಒಂದೂಕಾಲು ಇಂಚು ಇಳೀಬೇಕು ನನಗೆ, ಸೀಟಿನ ಚಿಂತೆ ಬಿಟ್ಟು ಬಹಳ ದಿನ ಆಯ್ತು. ಮನೆಯಲ್ಲಿ ಅಳೆಯೋರು ಚೂಡಿದಾರದ ಲಾಡಿ ಕಟ್ಟೋ ಕಡೆ ಅಳೀಬೇಡಿ, ಅದು ಕೆಳಗಾಯ್ತು. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುವೆ, ಉಸಿರು ಬಿಟ್ಟು ಟೇಪು ಹಿಡೀರಿ. ಸೀಟನ್ನ ಒಬ್ಬರೇ ಅಳೆದುಕೊಂಡ್ರೆ ಹಿಂದೆ ಟೇಪು ಜಾರುತ್ತೆ, ನನಗೆ ಮಗಳು ಹಿಡೀತಾಳೆ.

ವ್ಯಾಯಾಮ ಅಂತ ನಾನು ಜಿಮ್ಮಿಗೆ ಹೋಗಿಲ್ಲ. ಬೆಳಿಗ್ಗೆ ಕುಂದುವಾಡ ಕೆರೆ ಏರಿ ಮೇಲೆ ನಡಿಗೆ, ಮಾತಾಡಬಹುದು ಆದ್ರೆ ಹಾಡೋಕಾಗಲ್ಲ ಅನ್ನೋ ವೇಗದಲ್ಲಿ. ಜತೆಗಿನವರು ಬಾಯಿ ಬಿಡದೆ ನಡೆಯೋರಾದ್ರೆ ವೇಗ ಹೆಚ್ಚುತ್ತೆ, ನನ್ನ ಜತೆಗಿನವರು ಹಾಗಲ್ಲ. ಉಳಿದಿದ್ದು ಬಸ್ಕಿ. ನಮ್ಮ ಅಣ್ಣನ ಮಗ ಗರಡಿ ಮನೆಗೆ ಹೋಗೋ ಹುಡುಗ, ದುಗ್ಗಮ್ಮನ ಜಾತ್ರೆ ಕುಸ್ತಿಗೆ ಇಳಿಯೋ ಆಸೆ ಅವನಿಗೆ. ಅವನೇ ಕಲಿಸಿದ್ದು. "ಅತ್ತೆ, ಮಂಡಿ ಮುಂದಕ್ಕೆ ತಳ್ಳಬ್ಯಾಡ್ರಿ, ಹಿಂದೆ ಸ್ಟೂಲ್ ಐತಿ ಅನ್ಕೊಂಡು ಕೂತ್ಕೊಳ್ರಿ" ಅಂತ ನಿಜವಾಗ್ಲೂ ನನ್ನ ಮೆಷಿನ್ ಸ್ಟೂಲ್ ತಂದು ಹಿಂದೆ ಇಟ್ಟ. ಸ್ಟೂಲಿಗೆ ತಾಗಿದ್ದೇ ತಡ ಏಳೋದು. ಮೊದಲು ಕೈ ಚಾಚಿ, ಆಮೇಲೆ ಐದು ಕೆಜಿ ರಾಗಿ ಹಿಟ್ಟಿನ ಚೀಲ ಎದೆಗೆ ಅವುಚಿಕೊಂಡು, ಈಗ ಹತ್ತು ಕೆಜಿ ಅಕ್ಕಿ ಚೀಲ. ಅದರ ಜತೆ, ಅಂಗಾತ ಮಲಗಿ ಮಂಡಿ ಮಡಿಸಿ ಸೊಂಟ ಎತ್ತಿ ಹಿಡಿಯೋದು. ವಾರಕ್ಕೆ ಮೂರು ದಿನ ಸಾಕು, ನಡುವೆ ಸ್ನಾಯುವಿಗೆ ಬಿಡುವು ಬೇಕು.

ಕೊಬ್ಬು ಅಲ್ಲೇ ಕರಗಲ್ಲ ಅಂದಮೇಲೆ ಬಸ್ಕಿ ಯಾಕೆ ಅಂತ ಕೇಳಬಹುದು. ಹೊಲಿಯೋ ಕಣ್ಣಿಗೆ ಗೊತ್ತಾಗುತ್ತೆ. ಬರೀ ಊಟ ಕಮ್ಮಿ ಮಾಡಿ ಇಳಿದವರ ಸೀಟು ಜೋತುಬೀಳುತ್ತೆ, ಪ್ಯಾಂಟು ಹಿಂದೆ ಚೀಲದ ಥರ ನಿಲ್ಲುತ್ತೆ, ಎಷ್ಟು ಆಲ್ಟರ್ ಮಾಡಿದ್ರೂ ಕೂರಲ್ಲ. ಇಳಿಯೋ ತೂಕದಲ್ಲಿ ಕೊಬ್ಬಿನ ಜತೆ ಸ್ನಾಯುವೂ ಹೋಗಿರುತ್ತೆ. ನನಗೆ ನಡುವೆ ಒಂದಷ್ಟು ದಿನ ಸೀಟು 42ರಲ್ಲೇ ನಿಂತಿತ್ತು, ತಕ್ಕಡಿಯೂ ಅಲ್ಲಾಡಲಿಲ್ಲ. ಆದ್ರೆ ಅದೇ ಪ್ಯಾಂಟು ತೊಡೆ ಹತ್ರ ಲೂಸಾಗಿ, ಹಿಂದೆ ಸರಿಯಾಗಿ ತುಂಬಿ ಕೂತಿತ್ತು.

ಊಟದ ಬಗ್ಗೆ ಹೇಳಬೇಕಾದ್ದು ಇದಕ್ಕಿಂತ ಜಾಸ್ತಿ ಇದೆ, ಯಾಕಂದ್ರೆ ಇಳಿದಿದ್ದರಲ್ಲಿ ಹೆಚ್ಚು ಪಾಲು ಅದರದ್ದೇ. ಒಂದು ಕೆಜಿ ಕೊಬ್ಬು ಅಂದ್ರೆ ಸುಮಾರು 7,700 ಕ್ಯಾಲೊರಿ. ಅಷ್ಟನ್ನ ನಡೆದೇ ಖರ್ಚು ಮಾಡ್ತೀನಿ ಅಂತ ಹೊರಟರೆ ಕೆರೆ ಏರಿ ಸವೆಯುತ್ತೆ.

ನಾನು ಮೊದಲು ಕೈ ಹಾಕಿದ್ದು ಎಣ್ಣೆ ಕ್ಯಾನಿಗೆ. ನಾಲ್ಕು ಜನರ ಮನೆಗೆ ತಿಂಗಳಿಗೆ ನಾಲ್ಕು ಲೀಟರ್ ಬರ್ತಿತ್ತು. ಈಗ ಎರಡೂವರೆ. ಒಗ್ಗರಣೆಗೆ ಕ್ಯಾನಿಂದ ಸುರಿಯೋದು ಬಿಟ್ಟು ಚಮಚದಲ್ಲಿ ಹಾಕಿದ್ರೆ ಇಷ್ಟೇ ಸಾಕಾಗುತ್ತೆ, ಪಲ್ಯದ ರುಚಿ ಕೆಟ್ಟಿದ್ದು ಯಾರಿಗೂ ಗೊತ್ತಾಗಲಿಲ್ಲ. ಉಳಿದ ಒಂದೂವರೆ ಲೀಟರನ್ನ ನಾಲ್ಕು ಜನಕ್ಕೆ ಹಂಚಿದ್ರೆ ಒಬ್ಬೊಬ್ಬರಿಗೆ ದಿನಕ್ಕೆ ಹತ್ತಿರಹತ್ತಿರ 100 ಕ್ಯಾಲೊರಿ ಕಡಿಮೆ, ಯಾರೂ ಹಸಿದುಕೊಳ್ಳದೆ. ಆಮೇಲೆ ಚಾ. ಅಂಗಡಿಗೆ ದಿನಕ್ಕೆ ನಾಲ್ಕು ಸಲ ಬರ್ತಿತ್ತು, ಗಿರಾಕಿ ಬಂದ್ರೆ ಐದು. ಒಂದು ಲೋಟಕ್ಕೆ ಎರಡು ಚಮಚ ಸಕ್ಕರೆ ಅಂದ್ರೂ ಸಂಜೆ ಹೊತ್ತಿಗೆ 35–40 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 25 ಗ್ರಾಂ ಒಳಗಿದ್ರೆ ಒಳ್ಳೇದು ಅನ್ನುತ್ತೆ, ಅದೂ ಎಲ್ಲ ಸಿಹಿ ಸೇರಿ. ಈಗ ಎರಡು ಚಾ, ಸಕ್ಕರೆ ಅರ್ಧ. ಸಕ್ಕರೆ ಬಿಟ್ಟು ಬೆಲ್ಲ ಹಾಕ್ಕೊಂಡೆ ಅನ್ನೋರಿಗೆ ಒಂದು ಮಾತು: ಕ್ಯಾಲೊರಿ ಲೆಕ್ಕದಲ್ಲಿ ಅವೆರಡೂ ಅಣ್ಣ ತಮ್ಮ.

ದಾವಣಗೆರೆಯಲ್ಲಿ ಇದ್ದುಕೊಂಡು ಮಂಡಕ್ಕಿ ಮಿರ್ಚಿ ಬಿಡಿ ಅಂದ್ರೆ ಊರು ಬಿಡಿ ಅಂದ ಹಾಗೆ. ಸಂಜೆ ಐದಾಯ್ತು ಅಂದ್ರೆ ಬೀದಿ ತುಂಬ ಕಾದ ಎಣ್ಣೆಯ ವಾಸನೆ. ನೋಡಿದ್ರೆ ಮಂಡಕ್ಕಿ ಪಾಪದ್ದು, ಹಗುರ. ಮಾಡೋದೆಲ್ಲ ಜತೆಗಿನ ಮಿರ್ಚಿ. ನಾನು ಈಗ ಒಗ್ಗರಣೆ ಮಂಡಕ್ಕಿಗೆ ಈರುಳ್ಳಿ, ಟೊಮೇಟೊ, ನೆನೆಸಿ ಬೇಯಿಸಿದ ಕಡಲೆಕಾಳು ಹೆಚ್ಚಾಗಿ ಹಾಕ್ತೀನಿ. ಮಿರ್ಚಿ ಭಾನುವಾರಕ್ಕೆ. ಬೆಣ್ಣೆ ದೋಸೆ ತಿಂಗಳಿಗೆ ಒಂದು ಸಲ, ಬೆಣ್ಣೆ ಕಮ್ಮಿ ಹಾಕಿ ಅಂತ ಹೇಳದೆ. ಬೆಣ್ಣೆ ಕಮ್ಮಿ ಹಾಕಿದ್ದನ್ನ ತಿನ್ನೋಕೆ ಅಲ್ಲಿ ತನಕ ಯಾಕೆ ಹೋಗಬೇಕು.

ರೊಟ್ಟಿ, ಮುದ್ದೆ, ಅನ್ನ ಯಾವುದನ್ನೂ ಬಿಟ್ಟಿಲ್ಲ. ರಾಗಿ ತಿಂದ್ರೆ ಸಣ್ಣಗಾಗ್ತಾರೆ ಅನ್ನೋ ನಂಬಿಕೆ ನಮ್ಮಲ್ಲಿ ಗಟ್ಟಿ, ಆದ್ರೆ ನೂರು ಗ್ರಾಂ ರಾಗಿ ಹಿಟ್ಟಿಗೂ ನೂರು ಗ್ರಾಂ ಅಕ್ಕಿಗೂ ಕ್ಯಾಲೊರಿಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ರಾಗಿಯಲ್ಲಿ ನಾರು ಜಾಸ್ತಿ, ಸುಣ್ಣದ ಅಂಶ (ಕ್ಯಾಲ್ಸಿಯಂ) ಜಾಸ್ತಿ, ಮುದ್ದೆ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೆ, ಅದು ನಿಜ. ಎರಡು ಮುದ್ದೆ ಒಂದಾಯ್ತು, ಕಾಳು ಎರಡು ಸೌಟಾಯ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಪ್ರಕಾರ 55 ಕೆಜಿ ತೂಕದ ಹೆಂಗಸಿಗೆ ದಿನಕ್ಕೆ 46 ಗ್ರಾಂ ಪ್ರೋಟೀನ್ ಬೇಕು. ನಮ್ಮ ತಿಳಿಸಾರು ಅನ್ನದಲ್ಲಿ ಅದು ಹುಟ್ಟಲ್ಲ. ಹೆಸರುಕಾಳು, ಹುರುಳಿ ಒಣಕಾಳಿನ ಲೆಕ್ಕದಲ್ಲಿ ನೂರು ಗ್ರಾಮಿಗೆ 22–24 ಗ್ರಾಂ ಕೊಡ್ತಾವೆ, ಒಂದು ಮೊಟ್ಟೆಯಲ್ಲಿ ಆರು. ಮೊಳಕೆ ಹುರುಳಿಕಾಳಿನ ಸಾರು ಮಾಡಿದ ದಿನ ರಾತ್ರಿ ಹತ್ತಕ್ಕೆ ಡಬ್ಬ ಹುಡುಕೋ ಕೆಲಸವೇ ಇರಲ್ಲ ನನಗೆ.

ಒಂದು ಎಚ್ಚರಿಕೆ. ಕೆಲವರಿಗೆ ಸೊಂಟದಿಂದ ಮೇಲಿನ ಮೈ ಸಣ್ಣಗಿದ್ದು ಸೀಟಿನಿಂದ ಕಣಕಾಲಿನ ತನಕ ಎರಡೂ ಕಡೆ ಸಮನಾಗಿ ದಪ್ಪ, ಪಾದ ಮಾತ್ರ ಸಣ್ಣಗೆ, ಒತ್ತಿದ್ರೆ ನೋವು, ಸ್ವಲ್ಪ ತಾಗಿದ್ರೂ ನೀಲಿಗಟ್ಟುತ್ತೆ. ಅಳತೆ ತಗೊಳ್ಳುವಾಗ ಟೇಪು ಬಿಗಿದ್ರೇ "ಅಮ್ಮಾ" ಅಂದವರಿದ್ದಾರೆ. ಅದು ಲಿಪೆಡೀಮಾ ಅನ್ನೋ ಕೊಬ್ಬಿನ ಕಾಯಿಲೆ ಇರಬಹುದು. ಊಟ ಬಿಟ್ಟರೂ ಆ ಭಾಗ ಸುಲಭಕ್ಕೆ ಇಳಿಯಲ್ಲ, ಉಪವಾಸ ಮಾಡಿ ಮೈ ಕೆಡಿಸ್ಕೊಳ್ಳದೆ ಡಾಕ್ಟರಿಗೆ ತೋರಿಸಿ. ಇದ್ದಕ್ಕಿದ್ದ ಹಾಗೆ ತೂಕ ಏರಿದ್ರೆ, ಮುಟ್ಟು ಏರುಪೇರಾದ್ರೆ ಥೈರಾಯ್ಡ್, ಪಿಸಿಓಡಿ (ಅಂಡಾಶಯದ ತೊಂದರೆ) ಪರೀಕ್ಷೆ ಮಾಡಿಸಿ. ಅದಕ್ಕೆಲ್ಲ ಟೈಲರ್ ಮಾತು ಸಾಲದು.

ಇನ್ನು ಇಳೀತಾ ಇರೋರಿಗೆ ನನ್ನ ಕಸುಬಿನ ಸಲಹೆ. ಸೊಂಟ ಒಂದು ಇಂಚು ಹೋದ ತಕ್ಷಣ ಬೀರುವಿನ ಬಟ್ಟೆಯನ್ನೆಲ್ಲ ಚೀಲದಲ್ಲಿ ತುಂಬ್ಕೊಂಡು ಬರಬೇಡಿ. ಸೊಂಟ ಮುಂದೆ, ಸೀಟು ಹಿಂದೆ ಅಂತ ಇಳಿಯೋದ್ರಿಂದ ಈಗ ಹಿಡಿಸಿದ್ರೆ ಮೂರು ತಿಂಗಳಿಗೆ ಮತ್ತೆ ಬಿಚ್ಚಬೇಕಾಗುತ್ತೆ. ಅಲ್ಲಿ ತನಕ ಲಾಡಿ ಇರೋ ಪ್ಯಾಂಟು ಹಾಕ್ಕೊಳ್ಳಿ. ಹಿಡಿಸುವಾಗಲೂ ಒಳಗಿನ ಬಟ್ಟೆ ಕತ್ತರಿಸಬೇಡಿ ಅಂತ ಟೈಲರಿಗೆ ಹೇಳಿ, ಎರಡೂ ಕಡೆ ಒಂದೊಂದು ಇಂಚು ಇರಲಿ. ಮತ್ತೆ ದೀಪಾವಳಿಗೆ ಹದಿನೈದು ದಿನ ಇದೆ ಅನ್ನುವಾಗ ಆಲ್ಟರ್ ಕೆಲಸ ಮಾತ್ರ ತರಬೇಡಿ, ಆಗ ಹೊಸ ರವಿಕೆಗಳಿಗೇ ಪೀಸು ಕತ್ತರಿಸೋಕೆ ನನಗೆ ಪುರುಸೊತ್ತಿರಲ್ಲ.