ಎಸಿ ಕೆಲಸಕ್ಕೆ ಬರುವವರು ಮೊದಲು ಕಲಿಯಬೇಕಾದ್ದು ಅಳತೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವ ಹೊತ್ತಿಗೇ ಎಸಿ ಸೀಸನ್ನೂ ಜೋರಾಗಿರುತ್ತದೆ. ಫೆಬ್ರವರಿಯಿಂದ ಮುಂಗಾರು ಹಿಡಿಯುವವರೆಗೆ ಯಾವ ಸರ್ವಿಸ್ ಅಂಗಡಿಗೆ ಹೋದರೂ ಹೆಲ್ಪರ್ ಬೇಕು, ಫಿಟ್ಟರ್ ಬೇಕು ಅನ್ನುತ್ತಾರೆ. ಆ ಭರಾಟೆಯಲ್ಲಿ ಸೇರಿದ ಹುಡುಗ ಕೆಲವೇ ತಿಂಗಳಲ್ಲಿ ಸ್ಪ್ಲಿಟ್ ಎಸಿ ಬಿಚ್ಚುವುದು, ತೊಳೆಯುವುದು, ಗೋಡೆಗೆ ಹಾಕುವುದು ಕಲಿತುಬಿಡುತ್ತಾನೆ. ತೊಂದರೆ ಶುರುವಾಗುವುದು ಆಮೇಲೆ. ಮಳೆಗಾಲದಲ್ಲಿ ಕೆಲಸ ಕಡಿಮೆ, ವರ್ಷಗಳು ಕಳೆದರೂ ಗೊತ್ತಿರುವುದು ಅದೇ ಮೂರು ಕೆಲಸ. ಈ ಫೀಲ್ಡಿನಲ್ಲಿ ಮೇಲೆ ಹೋದವರಿಗೂ ಅಲ್ಲೇ ಉಳಿದವರಿಗೂ ಇರುವ ವ್ಯತ್ಯಾಸ ಅಳೆದು ಕೆಲಸ ಮಾಡುವ ಅಭ್ಯಾಸ. ಸರ್ಟಿಫಿಕೇಟಿನ ಮಾತು ಅದರ ನಂತರ.

ಆದರೂ ಸರ್ಟಿಫಿಕೇಟಿನ ವಿಷಯ ಹೇಳಿ ಮುಗಿಸೋಣ. ಹತ್ತನೇ ಕ್ಲಾಸ್ ಪಾಸಾದವರಿಗೆ ಐಟಿಐಯಲ್ಲಿ ರೆಫ್ರಿಜರೇಷನ್ ಅಂಡ್ ಏರ್ ಕಂಡಿಷನಿಂಗ್ ಟೆಕ್ನಿಷಿಯನ್ ಟ್ರೇಡ್ ಇದೆ, 2 ವರ್ಷದ್ದು. ಅದು ಮುಗಿದ ಮೇಲೆ ಅಪ್ರೆಂಟಿಸ್ ಆಗಿ ದೊಡ್ಡ ಕಂಪನಿ ಅಥವಾ ಸಾರ್ವಜನಿಕ ಉದ್ಯಮದಲ್ಲಿ ಒಂದಷ್ಟು ದಿನ ಕಳೆದರೆ ಚಿಲ್ಲರ್ (ದೊಡ್ಡ ಕಟ್ಟಡಗಳ ಎಸಿಗೆ ನೀರು ತಣ್ಣಗೆ ಮಾಡುವ ಯಂತ್ರ), ಪಂಪ್, ಪ್ಯಾನೆಲ್ ಎಲ್ಲ ಕಣ್ಣಿಗೆ ಬೀಳುತ್ತದೆ. ಮುಂದೆ ಓದುವ ಮನಸ್ಸಿದ್ದರೆ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಬಿಇಯಲ್ಲಿ ಮೆಕ್ಯಾನಿಕಲ್ ತೆಗೆದುಕೊಂಡವರಿಗೆ ಥರ್ಮೊಡೈನಮಿಕ್ಸ್, ಹೀಟ್ ಟ್ರಾನ್ಸ್‌ಫರ್ ಎರಡೇ ಅನ್ನ ಕೊಡುವ ವಿಷಯಗಳು. ಪರೀಕ್ಷೆಗೆ ಓದಿ ಮರೆಯುವಂಥವಲ್ಲ. ಕಾಲೇಜಿನಲ್ಲಿ ಇಶ್ರೇ (ಎಸಿ, ರೆಫ್ರಿಜರೇಷನ್ ಎಂಜಿನಿಯರುಗಳ ಭಾರತೀಯ ಸಂಘ) ವಿದ್ಯಾರ್ಥಿ ಘಟಕ ಇದ್ದರೆ ಸದಸ್ಯರಾಗಿ. 1981ರಲ್ಲಿ ಶುರುವಾದ ಈ ಸಂಸ್ಥೆಯ ಕಾರ್ಯಕ್ರಮಗಳಲ್ಲಿ ಕನ್ಸಲ್ಟೆಂಟುಗಳು, ಕಾಂಟ್ರಾಕ್ಟರುಗಳು ನೇರವಾಗಿ ಸಿಗುತ್ತಾರೆ. ಇದಕ್ಕೆ ಹೋಲಿಸಿದರೆ 'ನೂರಕ್ಕೆ ನೂರು ಕೆಲಸ ಗ್ಯಾರಂಟಿ' ಎಂದು ಬೋರ್ಡ್ ಹಾಕಿ ಡಿಸೈನ್ ಕೋರ್ಸ್ ಮಾರುವ ಕಡೆ ದುಡ್ಡು ಸುರಿಯುವುದು ವ್ಯರ್ಥ. ಅಲ್ಲಿ ಸಾಫ್ಟ್‌ವೇರಿನ ಯಾವ ಬಟನ್ ಒತ್ತಬೇಕೆಂದು ಹೇಳಿಕೊಡುತ್ತಾರೆ. ಒತ್ತಿದ ಮೇಲೆ ಬಂದ ಉತ್ತರ ಸರಿಯೋ ತಪ್ಪೋ ತಿಳಿಯುವುದು ಹೇಗೆಂದು ಹೇಳುವುದಿಲ್ಲ.

ಈಗ ಕೈಕೆಲಸಕ್ಕೆ ಬರೋಣ. ಹೊಸ ಸ್ಪ್ಲಿಟ್ ಎಸಿ ಹಾಕುವಾಗ ಬಹಳಷ್ಟು ಜನ ಬಿಟ್ಟುಬಿಡುವ ಹಂತ ವ್ಯಾಕ್ಯೂಮ್, ಅಂದರೆ ಪೈಪಿನೊಳಗಿನ ಗಾಳಿ, ತೇವವನ್ನು ಪಂಪ್ ಹಾಕಿ ಎಳೆದು ತೆಗೆಯುವುದು. ಔಟ್‌ಡೋರ್‌ನ ಗ್ಯಾಸನ್ನೇ ಸ್ವಲ್ಪ ಬಿಟ್ಟು ಪೈಪಿನ ಗಾಳಿಯನ್ನು ಹೊರಗೆ ತಳ್ಳುವ ಹಳೇ ಪದ್ಧತಿ ಆರ್-22 ಗ್ಯಾಸಿನ ಕಾಲದಲ್ಲಿ ಹೇಗೋ ನಡೆಯುತ್ತಿತ್ತು. ಆಗ ಕಂಪ್ರೆಸರಿನಲ್ಲಿದ್ದದ್ದು ಮಿನರಲ್ ಆಯಿಲ್. ಈಗಿನ ಆರ್-410ಎ, ಆರ್-32 ಮಷೀನುಗಳಲ್ಲಿ ಸಾಮಾನ್ಯವಾಗಿ ಇರುವುದು ಪಾಲಿಯಾಲ್ ಎಸ್ಟರ್ ಜಾತಿಯ ಎಣ್ಣೆ. ಇದು ಗಾಳಿಯ ತೇವವನ್ನು ಬೇಗ ಹೀರುತ್ತದೆ, ಹೀರಿದ ನೀರಿನೊಂದಿಗೆ ಸೇರಿ ಆಮ್ಲವಾಗುತ್ತದೆ. ಆ ಆಮ್ಲ ಕಂಪ್ರೆಸರ್ ವೈಂಡಿಂಗಿನ ವಾರ್ನಿಶ್ ತಿನ್ನುತ್ತದೆ. ಹಾಕಿದ ದಿನ ಎಸಿ ಚೆನ್ನಾಗಿಯೇ ಕೂಲ್ ಆಗುತ್ತದೆ. ಕಂಪ್ರೆಸರ್ ಸುಡುವುದು ಒಂದೆರಡು ಬೇಸಿಗೆ ಕಳೆದ ಮೇಲೆ, ಆಗ ಬೈಗುಳ ಕಂಪನಿಗೆ.

ವ್ಯಾಕ್ಯೂಮ್ ಮಾಡಿದೆ ಅನ್ನುವವರಲ್ಲೂ ಅನೇಕರು ಮ್ಯಾನಿಫೋಲ್ಡ್ ಗೇಜಿನ ಮುಳ್ಳು ಮೈನಸ್ 30ಕ್ಕೆ ಬಂತೆಂದು ಪಂಪ್ ನಿಲ್ಲಿಸುತ್ತಾರೆ. ಲೆಕ್ಕ ಹೀಗಿದೆ. ವಾತಾವರಣದ ಒತ್ತಡ 760 ಮಿಲಿಮೀಟರ್ ಪಾದರಸ, ಅಂದರೆ 7,60,000 ಮೈಕ್ರಾನ್. ನಮಗೆ ಬೇಕಾದ್ದು 500 ಮೈಕ್ರಾನ್, ಬರೀ ಅರ್ಧ ಮಿಲಿಮೀಟರ್. 5,000 ಮೈಕ್ರಾನ್ ಇದ್ದಾಗಲೂ 500 ಇದ್ದಾಗಲೂ ಮುಳ್ಳು ನಿಲ್ಲುವುದು ಒಂದೇ ಗೆರೆಯ ಮೇಲೆ. ಹಾಗಾಗಿ ಡಿಜಿಟಲ್ ಮೈಕ್ರಾನ್ ಗೇಜ್ ಬೇಕೇಬೇಕು, ಅದನ್ನು ಪಂಪಿನ ಬಾಯಿಗೆ ಹಾಕದೆ ಸಿಸ್ಟಮ್ ಕಡೆಗೆ ಹಾಕಬೇಕು. 500ಕ್ಕೆ ಇಳಿದ ಮೇಲೆ ವಾಲ್ವ್ ಮುಚ್ಚಿ ಹತ್ತು ನಿಮಿಷ ನೋಡಿ. ಅಂಕಿ ಏರಿ 1,500ರ ಆಸುಪಾಸಿನಲ್ಲಿ ನಿಂತುಬಿಟ್ಟರೆ ಒಳಗೆ ತೇವ ಉಳಿದಿದೆ, ಪಂಪ್ ಮತ್ತೆ ಹಾಕಿ. ನಿಲ್ಲದೆ ಏರುತ್ತಲೇ ಹೋದರೆ ಲೀಕ್. ಲೀಕ್ ಇದ್ದರೆ ಮೊದಲು ನೋಡಬೇಕಾದ್ದು ಫ್ಲೇರ್, ಅಂದರೆ ನಟ್ಟಿನೊಳಗೆ ಕೂರಲು ಅಗಲಿಸಿದ ಪೈಪಿನ ತುದಿ. ಕಾಲು ಇಂಚಿನ ಪೈಪಿನ ನಟ್ಟಿಗೆ 14ರಿಂದ 18 ನ್ಯೂಟನ್ ಮೀಟರ್ ಟಾರ್ಕ್ ಸಾಕು, ಅರ್ಧ ಇಂಚಿಗೆ 49ರಿಂದ 61. ಎರಡಕ್ಕೂ ಒಂದೇ ಸ್ಪಾನರ್ ಹಿಡಿದು ಮೈಬಲ ಹಾಕಿದರೆ ಚಿಕ್ಕದರ ಫ್ಲೇರ್ ತೆಳುವಾಗಿ ಸೀಳುತ್ತದೆ, ದೊಡ್ಡದು ಸಡಿಲವೇ ಉಳಿಯುತ್ತದೆ.

ಪ್ರೆಶರ್ ಟೆಸ್ಟಿಗೆ ನೈಟ್ರೋಜನ್ ಒಂದೇ, ಅದೂ ರೆಗ್ಯುಲೇಟರ್ ಹಾಕಿಯೇ. ವೆಲ್ಡಿಂಗಿಗೆಂದು ತಂದ ಆಕ್ಸಿಜನ್ ಸಿಲಿಂಡರ್ ಪಕ್ಕದಲ್ಲಿದೆಯಲ್ಲ ಎಂದು ಅದನ್ನೇ ಪೈಪಿಗೆ ಬಿಟ್ಟರೆ ಒತ್ತಡದ ಆಕ್ಸಿಜನ್ ಕಂಪ್ರೆಸರ್ ಎಣ್ಣೆಗೆ ತಾಗಿ ಸಿಡಿಯುತ್ತದೆ. ಈ ಕೆಲಸದಲ್ಲಿ ಜೀವ ಹೋಗಲು ಇಂಥ ಒಂದು ತಪ್ಪೇ ಸಾಕು. ವಿಆರ್‌ಎಫ್ (ಒಂದು ಔಟ್‌ಡೋರ್‌ಗೆ ಹಲವು ಇನ್‌ಡೋರ್ ಇರುವ ದೊಡ್ಡ ಎಸಿ) ಸೈಟುಗಳಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 40 ಕೆಜಿ ಪ್ರೆಶರ್ ಏರಿಸಿ 24 ಗಂಟೆ ಬಿಡುತ್ತಾರೆ. ಮಧ್ಯಾಹ್ನ 32 ಡಿಗ್ರಿಯಲ್ಲಿ 40ಕ್ಕೆ ನಿಲ್ಲಿಸಿದ್ದು ಬೆಳಗಿನ 22 ಡಿಗ್ರಿಗೆ 38.7 ಆಗಿರುತ್ತದೆ. ಲೀಕ್ ಎಂದು ಗಾಬರಿಯಾಗಿ ಸೀಲಿಂಗ್ ಬಿಚ್ಚಿಸಬೇಡಿ, ತಣ್ಣಗಾದ ಗ್ಯಾಸಿನ ಒತ್ತಡ ಇಳಿಯಲೇಬೇಕು. ಅದಕ್ಕೇ ಪ್ರೆಶರ್ ಬರೆಯುವಾಗ ಪಕ್ಕದಲ್ಲಿ ಉಷ್ಣತೆಯನ್ನೂ ಬರೆಯುವುದು.

ಎಸಿ ಶಿಫ್ಟ್ ಮಾಡುವಾಗ ಗ್ಯಾಸನ್ನು ಔಟ್‌ಡೋರ್‌ನೊಳಗೆ ಲಾಕ್ ಮಾಡುವುದನ್ನೂ ಹಗುರವಾಗಿ ತೆಗೆದುಕೊಳ್ಳುವವರಿದ್ದಾರೆ. ಸಣ್ಣ ಪೈಪಿನ ವಾಲ್ವ್ ಮುಚ್ಚಿ, ಮಷೀನ್ ಓಡಿಸಿ, ದೊಡ್ಡ ಪೈಪಿನ ಗೇಜ್ ಸೊನ್ನೆಯ ಹತ್ತಿರ ಬಂದ ತಕ್ಷಣ ಆ ವಾಲ್ವನ್ನೂ ಮುಚ್ಚಿ ಕರೆಂಟ್ ತೆಗೆಯಬೇಕು. ಮಷೀನ್ ಓಡುತ್ತಿರುವಾಗಲೇ ಫ್ಲೇರ್ ನಟ್ ಬಿಚ್ಚಿದರೆ ಕಂಪ್ರೆಸರ್ ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ. ಗಾಳಿ, ಎಣ್ಣೆಯ ಮಂಜು, ಒತ್ತಡ, ಬಿಸಿ ಎಲ್ಲ ಒಟ್ಟಾದರೆ ಡೀಸೆಲ್ ಎಂಜಿನ್ನಿನೊಳಗೆ ಆಗುವುದೇ ಇಲ್ಲೂ ಆಗುತ್ತದೆ, ಕಂಪ್ರೆಸರ್ ಒಡೆಯುತ್ತದೆ.

'ಗ್ಯಾಸ್ ಕಮ್ಮಿಯಾಗಿದೆ ಸಾರ್' ಎನ್ನುವ ಮಾತಿಗೆ ಬರೋಣ. ಎಸಿಯೊಳಗಿನ ಗ್ಯಾಸ್ ಖರ್ಚಾಗುವ ವಸ್ತುವೇ ಅಲ್ಲ. ಕಮ್ಮಿಯಾಗಿದ್ದರೆ ಎಲ್ಲೋ ತೂತಿದೆ. ತೂತು ಹುಡುಕದೆ ಪ್ರತಿ ಬೇಸಿಗೆ ಟಾಪ್‌ಅಪ್ ಮಾಡುವವನನ್ನು ಗಿರಾಕಿ ಎರಡು ವರ್ಷ ನಂಬುತ್ತಾನೆ, ಮೂರನೇ ವರ್ಷ ಬೇರೆಯವರಿಗೆ ಫೋನ್ ಮಾಡುತ್ತಾನೆ. ಬೆಂಗಳೂರಿನಲ್ಲಿ ರಾಜಕಾಲುವೆ, ಕೊಳಚೆ ತುಂಬಿದ ಕೆರೆಗಳ ಪಕ್ಕದ ಮನೆಗಳಲ್ಲಿ ತಾಮ್ರದ ಕಾಯಿಲ್ ಕಪ್ಪಾಗಿ ಸೂಜಿಮೊನೆಯಷ್ಟು ತೂತು ಬೀಳುವುದು ಮತ್ತೆ ಮತ್ತೆ ಕಾಣುತ್ತದೆ. ಕೊಳಚೆಯಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಅದರ ಮೂಲ. ಅಂಥ ಕಡೆ ಅದೇ ಜಾಗಕ್ಕೆ ಅದೇ ಕಾಯಿಲ್ ಹಾಕಿ ಬರುವ ಬದಲು ಕೋಟಿಂಗ್ ಇರುವ ಕಾಯಿಲ್ ಬೇಕೆಂದು ಹೇಳಬೇಕು.

ಇನ್‌ಡೋರ್ ಕಾಯಿಲ್ ಮೇಲೆ ಐಸ್ ಕಟ್ಟಿದರೆ ಗ್ಯಾಸ್ ಕಮ್ಮಿ ಎಂದೇ ಹೇಳಲಾಗದು. ಫಿಲ್ಟರ್, ಬ್ಲೋವರ್ ಕೊಳೆಯಾಗಿ ಗಾಳಿ ಕಮ್ಮಿಯಾದರೂ ಐಸ್ ಬರುತ್ತದೆ. ಗಾಳಿ ಕಮ್ಮಿಯಾಗಿದ್ದರೆ ಐಸ್ ಇಡೀ ಕಾಯಿಲ್ಲಿಗೆ ಹರಡಿ ದೊಡ್ಡ ಪೈಪಿನವರೆಗೂ ಬರುತ್ತದೆ. ಗ್ಯಾಸ್ ಕಮ್ಮಿಯಾಗಿದ್ದರೆ ಕಾಯಿಲ್ ಶುರುವಾಗುವಲ್ಲಿ ಮಾತ್ರ ಐಸ್, ಔಟ್‌ಡೋರ್ ಹತ್ತಿರ ಸಣ್ಣ ಪೈಪಿನ ಮೇಲೆ ಬಿಳಿ ಹಿಮ, ದೊಡ್ಡ ಪೈಪ್ ಬೆಚ್ಚಗೆ. ಪ್ರೆಶರ್ ನೋಡಿ ಗ್ಯಾಸ್ ಹಾಕುವ ಅಭ್ಯಾಸವೂ ಇನ್ವರ್ಟರ್ ಎಸಿ ಬಂದ ಮೇಲೆ ಕೆಲಸಕ್ಕೆ ಬಾರದು. ಹಳೇ ಆರ್-22 ಮಷೀನಿನಲ್ಲಿ 65-70 ಪಿಎಸ್‌ಐ ಬಂದರೆ ಸರಿ ಅನ್ನುತ್ತಿದ್ದರು. ಆರ್-32ರಲ್ಲಿ ಅದು ಸುಮಾರು 120-130, ಆದರೆ ಇನ್ವರ್ಟರ್ ಕಂಪ್ರೆಸರಿನ ವೇಗ ಬದಲಾದಂತೆ ಅದೂ ಬದಲಾಗುತ್ತದೆ. ಉಳಿದ ಗ್ಯಾಸ್ ಪೂರ್ತಿ ವಾಪಸ್ ತೆಗೆದು, ನೇಮ್‌ಪ್ಲೇಟಿನಲ್ಲಿ ಬರೆದಷ್ಟು ಗ್ರಾಂ ತಕ್ಕಡಿಯಲ್ಲಿ ತೂಗಿ ಹಾಕುವುದೊಂದೇ ದಾರಿ. ಮುಕ್ಕಾಲು ಕೆಜಿ ಹಿಡಿಯುವ ಮಷೀನಿಗೆ 100 ಗ್ರಾಂ ಹೆಚ್ಚುಕಮ್ಮಿ ಎಂದರೆ ನೂರಕ್ಕೆ ಹದಿಮೂರು ತಪ್ಪು.

ಇಷ್ಟು ಬಂದರೆ ಒಳ್ಳೆಯ ಟೆಕ್ನಿಷಿಯನ್. ಎಂಜಿನಿಯರ್ ಆಗಬೇಕಾದರೆ ಗಾಳಿಯ ಲೆಕ್ಕ ಬೇಕು. 'ಹತ್ತು ಬೈ ಹನ್ನೆರಡು ರೂಮಿಗೆ ಒಂದು ಟನ್' ಎಂಬ ಅಂಗಡಿ ಸೂತ್ರ ಕಲಬುರಗಿಗೂ ಮಂಗಳೂರಿಗೂ ಒಂದೇ ಉತ್ತರ ಕೊಡುತ್ತದೆ. ಅಲ್ಲೇ ಅದರ ದೋಷ. ಕಲಬುರಗಿಯಲ್ಲಿ ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ದಾಟಿದರೂ ಗಾಳಿ ಒಣ. ಎಸಿಗೆ ಅಲ್ಲಿ ಗಾಳಿಯ ಬಿಸಿ ಇಳಿಸುವುದೇ ಮುಖ್ಯ ಕೆಲಸ. ಮಂಗಳೂರಿನಲ್ಲಿ 33 ಡಿಗ್ರಿಯೇ ಇದ್ದರೂ ಗಾಳಿಯಲ್ಲಿ ನೀರು ತುಂಬಿರುತ್ತದೆ. ಕಾಯಿಲ್ ಮೇಲೆ ಒಂದು ಲೀಟರ್ ನೀರು ಕಟ್ಟಬೇಕಾದರೆ ಸುಮಾರು 2,450 ಕಿಲೋಜೂಲ್ ಶಾಖ ತೆಗೆಯಬೇಕು. ಗಂಟೆಗೆ 2 ಲೀಟರ್ ನೀರು ಡ್ರೈನ್ ಪೈಪಿನಲ್ಲಿ ಹೋದರೆ 1.36 ಕಿಲೋವ್ಯಾಟ್ ಅದಕ್ಕೇ ಖರ್ಚು. ಒಂದೂವರೆ ಟನ್ನಿನ ಎಸಿಯ ತಂಪು ಮಾಡುವ ಪೂರ್ತಿ ಶಕ್ತಿ 5.27 ಕಿಲೋವ್ಯಾಟ್, ಅದರ ಕಾಲು ಭಾಗ ಬರೀ ನೀರು ಹಿಂಡುವುದಕ್ಕೆ ಹೋಯಿತು. ಅಲ್ಲಿ ಅಗತ್ಯಕ್ಕಿಂತ ದೊಡ್ಡ ಎಸಿ ಹಾಕಿದರೂ ತಪ್ಪೇ. ರೂಮ್ ಬೇಗ ತಣ್ಣಗಾಗಿ ಕಂಪ್ರೆಸರ್ ನಿಂತುಬಿಡುತ್ತದೆ, ತೇವ ಉಳಿದುಹೋಗುತ್ತದೆ, ತಂಪಿದ್ದರೂ ಮೈ ಅಂಟಂಟು.

ಇದನ್ನೆಲ್ಲ ಒಂದೇ ಕಾಗದದ ಮೇಲೆ ತೋರಿಸುವುದು ಸೈಕ್ರೋಮೆಟ್ರಿಕ್ ಚಾರ್ಟ್, ಗಾಳಿಯ ಬಿಸಿ ಮತ್ತು ತೇವದ ನಕ್ಷೆ. ಕನ್ಸಲ್ಟೆಂಟ್ ಕಚೇರಿಯ ಇಂಟರ್‌ವ್ಯೂನಲ್ಲಿ ಚಾರ್ಟ್ ಮುಂದಿಟ್ಟು ಹೊರಗಿನ ಗಾಳಿ, ರೂಮಿನ ಗಾಳಿ, ಅವು ಬೆರೆತ ಬಿಂದು ಗುರುತಿಸು ಅನ್ನುತ್ತಾರೆ. ಕೈಯಲ್ಲಿ ಇ-20 ಎಂಬ ಲೆಕ್ಕದ ಶೀಟ್ ತುಂಬಿ ಒಂದು ಸಭಾಂಗಣದ ಹೀಟ್ ಲೋಡ್ (ಎಸಿ ಹೊರಹಾಕಬೇಕಾದ ಶಾಖ) ತೆಗೆದವರಿಗೆ ಅದು ಕಷ್ಟವಾಗುವುದಿಲ್ಲ. ಆಫೀಸಿನಲ್ಲಿ ಕೆಲಸ ಮಾಡುವ ಒಬ್ಬ ಮನುಷ್ಯ ಸುಮಾರು 130 ವ್ಯಾಟ್ ಶಾಖ ಬಿಡುತ್ತಾನೆ, ಅದರಲ್ಲಿ 55 ವ್ಯಾಟಿನಷ್ಟು ಬೆವರು-ಉಸಿರಿನ ತೇವದ್ದು. ಆಶ್ರೇ ಎಂಬ ಅಮೆರಿಕದ ಎಂಜಿನಿಯರುಗಳ ಸಂಘದ 62.1 ಮಾನದಂಡದ ಪ್ರಕಾರ ಆಫೀಸಿಗೆ ತಲೆಗೆ 5 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ), ಜೊತೆಗೆ ಚದರಡಿಗೆ 0.06 ಸಿಎಫ್‌ಎಂ ಹೊಸ ಗಾಳಿ ಬೇಕು. ಇಂಥ ಹತ್ತಾರು ಅಂಕಿ ಬಾಯಲ್ಲಿರಲಿ. ಸಾಫ್ಟ್‌ವೇರ್ 40 ಟನ್ ಅಂದಾಗ, 'ಇಲ್ಲಿಗೆ 25ಕ್ಕಿಂತ ಹೆಚ್ಚು ಬರಬಾರದಲ್ಲ' ಎಂದು ಅನುಮಾನ ಬರುವುದು ಆಗಲೇ.

ಕೆಲಸ ಎಲ್ಲೆಲ್ಲಿದೆ? ಐಟಿ ಪಾರ್ಕುಗಳ ಚಿಲ್ಲರ್ ಪ್ಲಾಂಟುಗಳು ಎಲ್ಲರಿಗೂ ಗೊತ್ತು. ಅಲ್ಲಿ 7 ಡಿಗ್ರಿಯ ನೀರು ಹೋಗಿ 12 ಡಿಗ್ರಿಯಾಗಿ ವಾಪಸ್ ಬರಬೇಕು, ಟನ್ನಿಗೆ ನಿಮಿಷಕ್ಕೆ ಸುಮಾರು 10 ಲೀಟರ್ ನೀರು. ವಾಪಸ್ ನೀರು 9 ಡಿಗ್ರಿಗೇ ಬರುತ್ತಿದೆಯೆಂದರೆ ಬೇಡದಷ್ಟು ನೀರು ಸುತ್ತುತ್ತಿದೆ, ಎಎಚ್‌ಯು (ತಣ್ಣೀರಿನ ಕಾಯಿಲ್ ಮೂಲಕ ಗಾಳಿ ಬೀಸುವ ಯಂತ್ರ) ವಾಲ್ವುಗಳು ಸರಿಯಾಗಿ ಮುಚ್ಚುತ್ತಿಲ್ಲ ಅಥವಾ ಕಾಯಿಲ್ ಕೊಳೆಯಾಗಿದೆ. ಆಪರೇಟರ್ ಇನ್ನೊಂದು ಚಿಲ್ಲರ್ ಆನ್ ಮಾಡುತ್ತಾನೆ. ಎಂಜಿನಿಯರ್ ಹೋಗಿ ವಾಲ್ವ್ ನೋಡುತ್ತಾನೆ. ಆಸ್ಪತ್ರೆಯ ಓಟಿ, ಔಷಧ ಕಾರ್ಖಾನೆಯ ಕ್ಲೀನ್ ರೂಮ್ ಇನ್ನೊಂದು ಜಗತ್ತು. ಅಲ್ಲಿ ತಂಪಿಗಿಂತ ಗಾಳಿ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ ಎಂಬುದೇ ಮುಖ್ಯ. ವಿವರವಾಗಿ ದಾಖಲೆ ಬರೆಯುವ ತಾಳ್ಮೆ ಇದ್ದವರಿಗೆ ಒಳ್ಳೆಯ ಜಾಗ.

ಊರು ಬಿಡಲು ಇಷ್ಟವಿಲ್ಲದವರು ಮರೆಯುವ ಎರಡು ಕಡೆ ಇವೆ. ಒಂದು, ಹಳ್ಳಿಯ ಹಾಲಿನ ಡೇರಿಗಳ ಬಲ್ಕ್ ಮಿಲ್ಕ್ ಕೂಲರ್. 35 ಡಿಗ್ರಿಯಲ್ಲಿ ಬಂದ 1,000 ಲೀಟರ್ ಹಾಲನ್ನು ಮೂರು ಗಂಟೆಯಲ್ಲಿ 4 ಡಿಗ್ರಿಗೆ ಇಳಿಸಲು ಸುಮಾರು 11.5 ಕಿಲೋವ್ಯಾಟ್, ಅಂದರೆ 3.3 ಟನ್ ಬೇಕು. ವೋಲ್ಟೇಜ್ ಇಳಿದಾಗ, ಒಂದು ಫೇಸ್ ಹೋದಾಗ ಕಂಪ್ರೆಸರ್ ಸುಡದಂತೆ ಪ್ರೊಟೆಕ್ಷನ್ ರಿಲೇ ಹಾಕಿ ಸೆಟ್ ಮಾಡಬಲ್ಲವನಿಗೆ ತಾಲೂಕಿನಲ್ಲಿ ಕೆಲಸಕ್ಕೆ ಬರವಿಲ್ಲ. ಇಲ್ಲಿ ಮಳೆಗಾಲದಲ್ಲೂ ಕೆಲಸ ಇರುತ್ತದೆ, ಹಸು ಸೀಸನ್ ನೋಡಿ ಹಾಲು ಕೊಡುವುದಿಲ್ಲ. ಎರಡು, ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಂಥವು. ದೊಡ್ಡ ಶೈತ್ಯಾಗಾರಗಳಲ್ಲಿ ಓಡುವುದು ಬಹುಪಾಲು ಅಮೋನಿಯ. ಅಮೋನಿಯ ತಾಮ್ರ, ಹಿತ್ತಾಳೆ ಎರಡನ್ನೂ ತಿನ್ನುವುದರಿಂದ ಪೈಪೆಲ್ಲ ಸ್ಟೀಲ್, ವೆಲ್ಡಿಂಗ್ ಎಲ್ಲ ಬೇರೆ. ಸ್ಪ್ಲಿಟ್ ಎಸಿಯ ಹಿತ್ತಾಳೆ ಫಿಟ್ಟಿಂಗ್ ಅಲ್ಲಿಗೆ ಒಯ್ಯಬೇಡಿ. ಕೆಲಸಕ್ಕೆ ಇಳಿಯುವ ಮೊದಲು ಮಾಸ್ಕ್ ಎಲ್ಲಿದೆ, ಹೊರಬಾಗಿಲು ಎಲ್ಲಿದೆ ಎಂದು ನೋಡಿಕೊಳ್ಳಿ.

ಹೀಟಿಂಗ್ ನಮ್ಮಲ್ಲಿ ಅಷ್ಟಾಗಿ ಇಲ್ಲ. ಹೋಟೆಲ್, ಆಸ್ಪತ್ರೆಗಳ ಬಿಸಿನೀರಿಗೆ ಹೀಟ್ ಪಂಪ್ ಬರುತ್ತಿದೆ, ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಶಾಖ. ತಣ್ಣನೆಯ ದೇಶಗಳಲ್ಲಿ ಮನೆ ಬೆಚ್ಚಗಿಡುವುದೂ ಇದೇ ಹೀಟ್ ಪಂಪ್. ಒಂದು ಫೋರ್-ವೇ ವಾಲ್ವ್ ತಿರುಗಿದರೆ ಎಸಿಯೇ ಹೀಟರ್. ಅಮೆರಿಕದಲ್ಲಿ ಗ್ಯಾಸ್ ಮುಟ್ಟಲು ಇಪಿಎ 608 ಪರೀಕ್ಷೆ ಪಾಸಾಗಿರಬೇಕು, ಬ್ರಿಟನ್ನಿನಲ್ಲಿ ಎಫ್-ಗ್ಯಾಸ್ ಸರ್ಟಿಫಿಕೇಟ್. ಗಲ್ಫಿಗೆ ಹೋಗುವ ಕರಾವಳಿಯ ಹುಡುಗರು ಸ್ಪ್ಲಿಟ್ ಎಸಿ ಅನುಭವದ ಜೊತೆಗೆ ಚಿಲ್ಡ್ ವಾಟರ್ ಕೆಲಸವನ್ನೂ ಇಲ್ಲೇ ಒಂದು ವರ್ಷ ಮಾಡಿ ಹೋದರೆ ಒಳ್ಳೆಯದು, ಅಲ್ಲಿನ ದೊಡ್ಡ ಕಟ್ಟಡಗಳಲ್ಲಿ ಡಿಸ್ಟ್ರಿಕ್ಟ್ ಕೂಲಿಂಗ್ ಇರುತ್ತದೆ, ಅಂದರೆ ಒಂದೇ ಪ್ಲಾಂಟಿನಿಂದ ಹಲವು ಕಟ್ಟಡಗಳಿಗೆ ತಣ್ಣೀರು.

ಗ್ಯಾಸುಗಳೂ ಬದಲಾಗುತ್ತಿವೆ. ಭೂಮಿಯ ಬಿಸಿ ಏರಿಸುವ ಎಚ್‌ಎಫ್‌ಸಿ (ಆರ್-410ಎ, ಆರ್-32 ಜಾತಿಯ) ಗ್ಯಾಸುಗಳನ್ನು ಕಡಿಮೆ ಮಾಡುವ 2016ರ ಕಿಗಾಲಿ ಒಪ್ಪಂದಕ್ಕೆ ಭಾರತ 2021ರಲ್ಲಿ ಅನುಮೋದನೆ ಕೊಟ್ಟಿದೆ. ಎಚ್‌ಎಫ್‌ಸಿ ಬಳಕೆ 2028ರಲ್ಲಿ ಏರುವುದು ನಿಂತು, 2032ರಿಂದ ಇಳಿಯುತ್ತಾ 2047ಕ್ಕೆ ನೂರಕ್ಕೆ 85ರಷ್ಟು ಕಡಿಮೆಯಾಗಬೇಕು. ಇಂದು ಕಲಿಯುವ ಹುಡುಗನ ಕೆಲಸದ ಆಯಸ್ಸಿನೊಳಗೇ ಆರ್-32 ಕೂಡ ಹಳೆಯದಾಗುತ್ತದೆ. ಬದಲಿಗೆ ಬರುತ್ತಿರುವ ಆರ್-290 ಎಂದರೆ ಪ್ರೊಪೇನ್, ಬೆಂಕಿ ಹತ್ತುವಂಥದ್ದು, ಗಾಳಿಗಿಂತ ಭಾರ, ಲೀಕಾದರೆ ನೆಲದ ಮೇಲೆ ಕೂರುತ್ತದೆ. ಬೀಡಿ ಸೇದುತ್ತಾ ಗೇಜ್ ಹಾಕುವ ಅಭ್ಯಾಸ ಈಗಲೇ ಬಿಡಬೇಕು.

ಮೊದಲ ಸಂಬಳಗಳಲ್ಲಿ ಏನು ಕೊಳ್ಳಬೇಕೆಂದು ಕೇಳುವವರಿಗೆ ಒಂದು ಸಲಹೆ. ಮೊದಲು ಒಳ್ಳೆಯ ಕ್ಲಾಂಪ್ ಮೀಟರ್. ಅದರಲ್ಲಿ ಕೆಪಾಸಿಟರ್ ಅಳೆಯುವ ಸೌಲಭ್ಯ ಇರಲಿ, ಆದರೆ ಕೆಪಾಸಿಟರ್ ಡಿಸ್ಚಾರ್ಜ್ ಮಾಡದೆ ಕೈ ಹಾಕಬೇಡಿ. ಆಮೇಲೆ 5 ಗ್ರಾಂವರೆಗೆ ತೋರಿಸುವ ಗ್ಯಾಸ್ ತಕ್ಕಡಿ, ಮೈಕ್ರಾನ್ ಗೇಜ್, ಟಾರ್ಕ್ ರೆಂಚ್ ಸೆಟ್, ಪೈಪಿಗೆ ಕಚ್ಚಿಸುವ ಎರಡು ಥರ್ಮಾಮೀಟರ್. ಎತ್ತರದಲ್ಲಿ ಔಟ್‌ಡೋರ್ ಹಾಕುವ ಕೆಲಸವಿದ್ದರೆ ಇವೆಲ್ಲಕ್ಕಿಂತ ಮೊದಲು ಫುಲ್ ಬಾಡಿ ಹಾರ್ನೆಸ್. ಮಾಲೀಕ ಕೊಡಲಿಲ್ಲವೆಂದರೆ ಆ ದಿನ ಕಿಟಕಿಯಾಚೆ ಕಾಲಿಡಬೇಡಿ.